ಮಾಸ್ಕೋದ ಸಾಲಿನಲ್ಲಿ ಸಿಕ್ಕ ನಮ್ಮ ಕಾಫಿ

1989ರ ನವೆಂಬರಿನ ಒಂದು ಸಂಜೆ, ಮಾಸ್ಕೋದ ಯೂಗೊ-ಜಾಪದ್ನಾಯಾ ಮೆಟ್ರೋ ನಿಲ್ದಾಣದ ಹತ್ತಿರ ಒಂದು ಅಂಗಡಿ ಮುಂದೆ ಎರಡೂವರೆ ಗಂಟೆ ನಿಂತು ಒಂದು ಡಬ್ಬಿ ಕಾಫಿ ಕೊಂಡೆ. ನೂರು ಗ್ರಾಂ ಇನ್‌ಸ್ಟಂಟ್ ಕಾಫಿ, ಆರು ರೂಬಲ್. ಕಂದು ಬಣ್ಣದ ತಗಡಿನ ಡಬ್ಬಿ. ಅದರ ಮೇಲೆ ನೃತ್ಯ ಮಾಡುವ ಹೆಣ್ಣಿನ ಚಿತ್ರ, ಕೆಳಗೆ ರಷ್ಯನ್ ಅಕ್ಷರಗಳಲ್ಲಿ 'ಭಾರತದ ಕಾಫಿ' ಅಂತ ಬರೆದಿತ್ತು. ಕೈಗವಸು ತೆಗೆದು ಆ ಅಕ್ಷರಗಳ ಮೇಲೆ ಬೆರಳಾಡಿಸಿದೆ. ನಮ್ಮ ತೋಟ ಸಕಲೇಶಪುರದ ಹತ್ತಿರ. ಡಬ್ಬಿಯೊಳಗೆ ಅಪ್ಪಯ್ಯ ಕಣದಲ್ಲಿ ಹರವಿ ಒಣಗಿಸಿದ ಬೀಜವೇ ಇದೆಯೇನೋ ಅನ್ನಿಸಿ ಗಂಟಲು ಕಟ್ಟಿತು.

ಹಾಗನ್ನಿಸಿದ್ದಕ್ಕೆ ಕಾರಣವೂ ಇತ್ತು. ಆಗ ಬೆಳೆಗಾರರು ತಮ್ಮ ಕಾಫಿಯನ್ನು ತಾವೇ ಮಾರುವ ಹಾಗಿರಲಿಲ್ಲ. ಬೆಳೆದದ್ದೆಲ್ಲ ಕಾಫಿ ಬೋರ್ಡಿನ ಪೂಲ್‌ಗೆ, ಅಂದರೆ ಎಲ್ಲರ ಕಾಫಿ ಸೇರುವ ಒಂದೇ ರಾಶಿಗೆ ಹೋಗಬೇಕು, ದುಡ್ಡು ಬೀಜದ ಗುಣಕ್ಕೆ ಹಾಕಿದ ಪಾಯಿಂಟ್ ಲೆಕ್ಕದಲ್ಲಿ ಕಂತುಕಂತಾಗಿ ಬರಬೇಕು. ಬೋರ್ಡ್ ಹೊರದೇಶಕ್ಕೆ ಮಾರುತ್ತಿದ್ದ ಕಾಫಿಯಲ್ಲಿ ದೊಡ್ಡ ಪಾಲು ಸೋವಿಯತ್ ಒಕ್ಕೂಟಕ್ಕೆ ಹೋಗುತ್ತಿತ್ತು. ಡಾಲರಿನ ಮಾತೇ ಇರಲಿಲ್ಲ, ಎಲ್ಲ ರೂಪಾಯಿ-ರೂಬಲ್ ಒಪ್ಪಂದದ ವ್ಯವಹಾರ. ಮಲೆನಾಡಿನ ಎಷ್ಟೋ ಮಕ್ಕಳ ಸ್ಕೂಲ್ ಫೀಸು, ಎಷ್ಟೋ ಮನೆಗಳ ಮದುವೆ ಖರ್ಚು ಆ ದುಡ್ಡಿನಿಂದ ನಡೆಯಿತು. 'ರಷ್ಯಾದವರು ತಗೊಂಡರೆ ಈ ವರ್ಷ ಪರವಾಗಿಲ್ಲ' ಅನ್ನುವ ಮಾತು ನಮ್ಮನೆ ಜಗಲಿಯಲ್ಲಿ ನಾನು ಸಣ್ಣವಳಿದ್ದಾಗಿಂದ ಕೇಳಿದ್ದು. ಆ ರಷ್ಯಾದವರು ಅದನ್ನು ಹೀಗೆ ಮಂಜಿನಲ್ಲಿ ಗಂಟೆಗಟ್ಟಲೆ ನಿಂತು ಕೊಳ್ಳುತ್ತಾರೆ ಅಂತ ಮಾತ್ರ ಜಗಲಿಯಲ್ಲಿ ಯಾರೂ ಹೇಳಿರಲಿಲ್ಲ.

1988ರಲ್ಲಿ ಸ್ಕಾಲರ್‌ಶಿಪ್ ಮೇಲೆ ವೈದ್ಯಕೀಯ ಓದಲು ಹೋದವಳು ನಾನು. ಮೊದಲ ವರ್ಷ ಬರೀ ಭಾಷೆ ಕಲಿಯುವುದು. ತರಗತಿಯಲ್ಲಿ ವ್ಯಾಕರಣ ಕಲಿತೆ, ಮಾತು ಕಲಿತದ್ದು ಸಾಲಿನಲ್ಲಿ. ಸಾಲಿಗೆ ಬಂದವರು ಮೊದಲು 'ಕ್ತೋ ಪಸ್ಲೇದ್ನಿ?' ಅನ್ನಬೇಕು, ಅಂದರೆ ಕೊನೆಯವರು ಯಾರು? ಯಾರೋ ಕೈ ಎತ್ತುತ್ತಾರೆ. 'ನಾನು ನಿಮ್ಮ ಹಿಂದೆ' ಅಂದುಬಿಟ್ಟರೆ ಆ ಜಾಗ ನಿಮ್ಮದು. ಆಮೇಲೆ ಬೇಕಾದರೆ ಪಕ್ಕದ ಅಂಗಡಿಯ ಇನ್ನೊಂದು ಸಾಲಿನಲ್ಲೂ ಹೆಸರು ಹೇಳಿ ಬರಬಹುದು, ನಿಮ್ಮ ಜಾಗಕ್ಕೆ ಯಾರೂ ಕೈ ಹಾಕುವುದಿಲ್ಲ. ಎರಡನೇ ಪ್ರಶ್ನೆ 'ಶ್ತೋ ದಾಯೂತ್?' ಏನು ಕೊಡ್ತಿದ್ದಾರೆ? ಏನು ಮಾರ್ತಿದ್ದಾರೆ ಅಂತ ಯಾರೂ ಕೇಳುತ್ತಿರಲಿಲ್ಲ. ಮನೆಗೆ ಬಂದ ಮೇಲೂ ಅಷ್ಟೇ, 'ಕೊಂಡೆ' ಅನ್ನುವುದು ಕಡಿಮೆ, 'ಗಿಟ್ಟಿಸಿದೆ' ಅನ್ನುವುದೇ ಹೆಚ್ಚು.

ಸಾಲು ಅನ್ನುವುದು ಒಂದೇ ಅಲ್ಲ, ಅದನ್ನೂ ಹೇಳಬೇಕು. ಮೊದಲು ಕೌಂಟರಿನಲ್ಲಿ ನಿಂತು ಚೀಸ್ ತೂಕ ಹಾಕಿಸಿ ಬೆಲೆ ತಿಳಿದುಕೊಳ್ಳಬೇಕು. ಆಮೇಲೆ ಕ್ಯಾಷಿಯರ್ ಮುಂದಿನ ಸಾಲು. ಆಕೆ ಮಣಿ ಪೋಣಿಸಿದ ಮರದ ಚೌಕಟ್ಟಿನಲ್ಲಿ ಟಕಟಕ ಲೆಕ್ಕ ಹಾಕಿ ಚೀಟಿ ಕೊಡುತ್ತಾಳೆ. ಚೀಟಿ ಹಿಡಿದು ಮತ್ತೆ ಮೊದಲಿನ ಕೌಂಟರಿಗೆ. ಕಾಲು ಕೆಜಿ ಚೀಸಿಗೆ ಮೂರು ಸಲ ನಿಲ್ಲಬೇಕು. ನನಗೆ ಸಾಲು ಹೊಸದೇನಲ್ಲ. ನಮ್ಮೂರ ಸೊಸೈಟಿಯಲ್ಲಿ ಸೀಮೆಎಣ್ಣೆಗೆ, ಸಕ್ಕರೆಗೆ ಕಾರ್ಡು ಹಿಡಿದು ನಿಂತು ಬೆಳೆದವಳು. ಆದರೆ ಊರಲ್ಲಿ ಸೊಸೈಟಿಯಲ್ಲಿ ಸಿಗದಿದ್ದರೆ ಶೆಟ್ಟರ ಅಂಗಡಿಯಲ್ಲಿ ನಾಲ್ಕು ಕಾಸು ಜಾಸ್ತಿ ಕೊಟ್ಟಾದರೂ ತರಬಹುದಿತ್ತು. ಮಾಸ್ಕೋದಲ್ಲಿ ಅಂಥದ್ದು ಅಂತ ಇದ್ದದ್ದು ರೈತ ಸಂತೆಯೊಂದೇ, ಅಲ್ಲಿನ ಬೆಲೆ ಪಿಂಚಣಿಯವರ ಕೈಗೆ ಎಟುಕುತ್ತಿರಲಿಲ್ಲ.

ಈ ವಿದ್ಯೆಯನ್ನೆಲ್ಲ ಕಲಿಸಿದವರು ನಮ್ಮ ಹಾಸ್ಟೆಲಿನ ಬಾಗಿಲಲ್ಲಿ ಕೂರುತ್ತಿದ್ದ ಕಾವಲಿನ ಅಜ್ಜಿ. ಅವರನ್ನು ನಾವೆಲ್ಲ 'ತ್ಯೋತ್ಯಾ' ಅನ್ನುತ್ತಿದ್ದೆವು, ನಮ್ಮಲ್ಲಿ ಚಿಕ್ಕಮ್ಮ ಅಂದ ಹಾಗೆ. ಅರವತ್ತು ದಾಟಿತ್ತು, ಪಿಂಚಣಿ ಸಾಲದೆ ಈ ಕೆಲಸಕ್ಕೆ ಬಂದಿದ್ದರು. ಅವರ ಕೋಟಿನ ಜೇಬಿನಲ್ಲಿ ಯಾವಾಗಲೂ ಒಂದು ನೂಲಿನ ಬಲೆಚೀಲ ಮುದುರಿಕೊಂಡಿರುತ್ತಿತ್ತು, ಅದರ ಹೆಸರು ಅವೋಸ್ಕಾ. 'ಸಿಕ್ಕರೂ ಸಿಗಬಹುದು' ಅನ್ನುವ ಅರ್ಥದ ಮಾತಿನಿಂದ ಹುಟ್ಟಿದ ಹೆಸರು. ಬೆಳಿಗ್ಗೆ ಹಾಲಿಗೆ ಅಂತ ಹೊರಟವರು ಸಂಜೆ ಅದರೊಳಗೆ ನಿಂಬೆಹಣ್ಣು, ಬಲ್ಬು, ಅಳತೆ ಸರಿಯಿಲ್ಲದ ಬೂಟು ತುಂಬಿಕೊಂಡು ಬರುತ್ತಿದ್ದರು. ಅಳತೆ ಸರಿಯಿಲ್ಲದ ಬೂಟು ಯಾಕೆ ಅಂತ ಕೇಳಿದ್ದೆ. 'ನನಗಾಗದಿದ್ದರೆ ಇನ್ಯಾರಿಗೋ ಆಗುತ್ತದೆ ಮಗಳೇ, ಅವರ ಹತ್ತಿರ ನನಗೆ ಬೇಕಾದ್ದು ಇರುತ್ತದೆ' ಅಂದರು. ಫರ್ನಿಚರಿನಂಥ ದೊಡ್ಡ ಸಾಮಾನಿಗೆ ಅಂಗೈ ಮೇಲೆ ಪೆನ್ನಿನಲ್ಲಿ ಸರದಿ ಸಂಖ್ಯೆ ಬರೆದುಕೊಂಡು, ರಾತ್ರಿ ಹಾಜರಿ ಕರೆದಾಗ ಓಗೊಡಬೇಕಿತ್ತು. ತಪ್ಪಿಸಿಕೊಂಡವರ ಹೆಸರು ಪಟ್ಟಿಯಿಂದ ಹೊಡೆದುಹಾಕುತ್ತಿದ್ದರು.

ಹಾಗಾದರೆ ಹೊಟ್ಟೆಗಿರಲಿಲ್ಲವೇ? ಇತ್ತು. ಇದನ್ನು ಕೇಳುವವರಿಗೆಲ್ಲ ನಾನು ಮತ್ತೆ ಮತ್ತೆ ಹೇಳುತ್ತೇನೆ. ಅಂಗಡಿಗಳು ಖಾಲಿ, ಮನೆಗಳ ಫ್ರಿಜ್ ತುಂಬಿದೆ ಅಂತ ಅಲ್ಲಿನವರೇ ಅನ್ನುತ್ತಿದ್ದರು, ಅದು ಬಹಳ ಮಟ್ಟಿಗೆ ನಿಜ. ಮೆಟ್ರೋಗೆ ಐದು ಕೊಪೆಕ್ (ರೂಬಲ್ಲಿನ ಪೈಸೆ), ಬ್ರೆಡ್ಡು ಕೊಪೆಕ್‌ಗಳ ಲೆಕ್ಕದಲ್ಲಿ. ಓದು ಪುಕ್ಕಟೆ, ಆಸ್ಪತ್ರೆ ಪುಕ್ಕಟೆ. ತಿಂಗಳಿಗೆ 90 ರೂಬಲ್ ಸ್ಟೈಪೆಂಡಿನಲ್ಲಿ ನಾನು ಉಪವಾಸ ಬೀಳಲಿಲ್ಲ. 'ಮಾನ್ಕಾ' ಅನ್ನುವ ರವೆ ಸಿಗುತ್ತಿತ್ತು, ಊರಿಂದ ತಂದ ಸಾಸಿವೆ, ಒಣಮೆಣಸಿನಕಾಯಿ ಹಾಕಿ ಉಪ್ಪಿಟ್ಟು ಮಾಡುತ್ತಿದ್ದೆ. ಹಸಿರು ಮುಚ್ಚಳದ ಬಾಟಲಿಯ ಕೆಫೀರ್ ಅನ್ನುವ ಹುಳಿಹಾಲು ಇದ್ದರೆ ಮಜ್ಜಿಗೆಹುಳಿ. ಎಲೆಕೋಸು, ಬೀಟ್ರೂಟು, ಮಣ್ಣು ಮೆತ್ತಿದ ಆಲೂಗಡ್ಡೆ, ಇಷ್ಟರಲ್ಲೇ ಇಡೀ ಚಳಿಗಾಲ. ಸಾಮಾನ್ಯ ಗೋಧಿಯಂತೆ ಕಾಣದ, ಅವರಿಗೆ ಪ್ರಾಣವಾದ ಗ್ರೇಚ್ಕಾ ಅನ್ನುವ ಕಾಳು ಮಾತ್ರ ಎಲ್ಲೂ ಇರುತ್ತಿರಲಿಲ್ಲ, ಸಕ್ಕರೆ ಕಾಯಿಲೆಯವರಿಗೆ ಅದನ್ನು ಚೀಟಿ ಮೇಲೆ ಕೊಡುತ್ತಿದ್ದರು. ಮಾಸ್ಕೋದಲ್ಲೇ ಹೀಗೆಂದರೆ ಬೇರೆ ಊರುಗಳ ಪಾಡು ಕೇಳಬೇಡಿ. ತುಲಾ, ರ್‍ಯಾಜಾನ್ ಕಡೆಯವರು ಸಾಸೇಜಿಗಾಗಿ ರೈಲು ಹತ್ತಿ ರಾಜಧಾನಿಗೆ ಬರುತ್ತಿದ್ದರು. 'ಉದ್ದಕ್ಕಿದೆ, ಹಸಿರಾಗಿದೆ, ಸಾಸೇಜ್ ವಾಸನೆ ಹೊಡೆಯುತ್ತದೆ, ಏನದು?' ಅಂತ ಮಕ್ಕಳೂ ಒಗಟು ಕೇಳುತ್ತಿದ್ದವು. ಉತ್ತರ: ಮಾಸ್ಕೋದಿಂದ ವಾಪಸಾಗುವ ಲೋಕಲ್ ರೈಲು.

ಸೋಪು ಮುಗಿದದ್ದು 1989ರಲ್ಲಿ. ಸಕ್ಕರೆಗೂ 'ತಲೋನ್' ಅನ್ನುವ ಕೂಪನ್ ಬಂತು. 1985ರಲ್ಲಿ ಗೊರ್ಬಚೋವ್ ಹೆಂಡಕ್ಕೆ ಕಡಿವಾಣ ಹಾಕಿದ ಮೇಲೆ ಜನ ಮನೆಯಲ್ಲೇ ಭಟ್ಟಿ ಇಳಿಸಲು ಶುರು ಮಾಡಿ ಸಕ್ಕರೆಯೆಲ್ಲ ಅಲ್ಲಿಗೆ ಹೋಗಿತ್ತು. 1989ರ ಜುಲೈನಲ್ಲಿ ಸೈಬೀರಿಯಾದ ಕುಜ್‌ಬಾಸ್ ಕಲ್ಲಿದ್ದಲು ಗಣಿಗಳ ಕಾರ್ಮಿಕರು ಮುಷ್ಕರ ಹೂಡಿದಾಗ ಅವರ ಬೇಡಿಕೆಗಳಲ್ಲಿ ಸೋಪೂ ಒಂದು. ಇದ್ದಲ ಮಸಿಯಲ್ಲಿ ಮುಳುಗೆದ್ದು ಬಂದವನಿಗೆ ಮೈ ತೊಳೆಯಲು ಸೋಪಿಲ್ಲ, ಅದೂ ಕಾರ್ಮಿಕರದೇ ಸರ್ಕಾರ ಅಂತ ಕರೆದುಕೊಂಡ ದೇಶದಲ್ಲಿ. ನನಗೆ ಇವತ್ತಿಗೂ ಇದನ್ನು ನೆನೆದರೆ ಸಿಟ್ಟು ಬರುತ್ತದೆ. ಆ ವರ್ಷ ಊರಿಂದ ಬಂದ ಸ್ನೇಹಿತೆಯ ಕೈಲಿ ಅಮ್ಮ ಎಂಟು ಮೈಸೂರು ಸ್ಯಾಂಡಲ್ ಸೋಪು ಕಳಿಸಿದ್ದರು. ತ್ಯೋತ್ಯಾಗೆ ಎರಡು ಕೊಟ್ಟೆ. ಅವರು ಒಂದನ್ನು ಬಿಚ್ಚದೆ ಬಟ್ಟೆ ಕಪಾಟಿನಲ್ಲಿಟ್ಟರು.

ಹೆಂಗಸರ ಇನ್ನೊಂದು ಕಷ್ಟವನ್ನು ಯಾರೂ ಬರೆಯುವುದಿಲ್ಲ, ನಾನು ಬರೆಯುತ್ತೇನೆ. ಆಕಾಶಕ್ಕೆ ಮನುಷ್ಯನನ್ನು ಮೊದಲು ಕಳಿಸಿದ ದೇಶದಲ್ಲಿ ತಿಂಗಳ ಮುಟ್ಟಿಗೆ ಪ್ಯಾಡ್ ಅನ್ನುವುದೇ ಇರಲಿಲ್ಲ. ಔಷಧಿ ಅಂಗಡಿಯ ಹತ್ತಿ, ಗಾಯಕ್ಕೆ ಕಟ್ಟುವ ಗಾಜ್ ಬಟ್ಟೆ, ಅದಕ್ಕೂ ಎಷ್ಟೋ ಸಲ ಅಭಾವ. ಅಮ್ಮ ನನ್ನ ಪೆಟ್ಟಿಗೆಯಲ್ಲಿ ಹಳೆಯ ನೂಲಿನ ಸೀರೆಗಳನ್ನು ಮಡಿಸಿ ಇಟ್ಟಿದ್ದರು. ಅದನ್ನು ಹರಿದು ನನ್ನ ರಷ್ಯನ್ ರೂಮ್‌ಮೇಟ್‌ಗೂ ಕೊಟ್ಟಿದ್ದೇನೆ. ಡಾಕ್ಟರಾಗಲು ಓದುತ್ತಿದ್ದ ಇಬ್ಬರು ಹುಡುಗಿಯರು ಹೀಟರ್ ಮೇಲೆ ಸೀರೆ ತುಂಡು ಒಣಗಿಸುತ್ತಿದ್ದೆವು. ಯೋಜನಾ ಮಂಡಳಿಯ ಕೋಷ್ಟಕಗಳಲ್ಲಿ ಉಕ್ಕಿಗೆ, ಟ್ರ್ಯಾಕ್ಟರಿಗೆ ಕಾಲಂ ಇತ್ತು. ನಮಗೆ ಇರಲಿಲ್ಲ.

ಇದೆಲ್ಲ ಯಾಕೆ ಹೀಗೆ ಅಂತ ನಮ್ಮ ಭಾಷಾ ಅಧ್ಯಾಪಕಿಯೊಬ್ಬರು ಒಮ್ಮೆ ಬಿಡಿಸಿ ಹೇಳಿದ್ದರು. 1962ರ ಜೂನ್‌ನಲ್ಲಿ ಸರ್ಕಾರ ಮಾಂಸ, ಬೆಣ್ಣೆಯ ಬೆಲೆ ಏರಿಸಿತು. ನೊವೊಚೆರ್ಕಾಸ್ಕ್ ಅನ್ನುವ ಊರಿನ ಕಾರ್ಖಾನೆಯವರು ಬೀದಿಗಿಳಿದರು. ಸೈನಿಕರು ಗುಂಡು ಹಾರಿಸಿದರು, 26 ಮಂದಿ ಸತ್ತರು, ಸುದ್ದಿಯನ್ನು ದಶಕಗಟ್ಟಲೆ ಮುಚ್ಚಿಟ್ಟರು. ಅಲ್ಲಿಂದ ಮುಂದೆ ಆ ಬೆಲೆಗಳನ್ನು ಮುಟ್ಟಲು ಯಾರಿಗೂ ಧೈರ್ಯ ಬರಲಿಲ್ಲ. ಸಂಬಳ ಏರುತ್ತ ಹೋಯಿತು, ಬೆಲೆ ಅಲ್ಲೇ ನಿಂತಿತು. ಕೈಯಲ್ಲಿ ರೂಬಲ್ ಇದೆ, ಅಷ್ಟಕ್ಕೆ ತಕ್ಕ ಸಾಮಾನಿಲ್ಲ. ಬೆಲೆ ಹೆಚ್ಚಿಲ್ಲ ಅಂದರೆ ಆ ವ್ಯತ್ಯಾಸವನ್ನು ಯಾರೋ ಕಟ್ಟಲೇಬೇಕಲ್ಲ, ಅದನ್ನು ಹೆಂಗಸರು ತಮ್ಮ ಹೊತ್ತಿನಿಂದ, ಮಂಡಿಯಿಂದ ಕಟ್ಟುತ್ತಿದ್ದರು. ಕಾರ್ಖಾನೆಯಲ್ಲಿ ಎಂಟು ಗಂಟೆ ದುಡಿದು ಬಂದವರು ಮತ್ತೆ ಮೂರು ಗಂಟೆ ನಿಲ್ಲುತ್ತಿದ್ದರು. ಗಂಡಸರು ಸಾಲಿನಲ್ಲಿ ಕಂಡದ್ದು ಹೆಚ್ಚಾಗಿ ವೋಡ್ಕಾಕ್ಕೆ ಮತ್ತು 1990ರ ಬೇಸಿಗೆಯಲ್ಲಿ ಸಿಗರೇಟು ಮುಗಿದಾಗ. ಹಿಂಬಾಗಿಲಿನ ಪರಿಚಯ ಇದ್ದವರಿಗೆ ಸಾಲೇ ಬೇಕಿರಲಿಲ್ಲ. ಅದಕ್ಕೆ 'ಬ್ಲಾತ್' ಅನ್ನುತ್ತಿದ್ದರು, ನಮ್ಮ ವಶೀಲಿ ಇದ್ದ ಹಾಗೆ. ಸಮಾನತೆಯ ದೇಶ ಅಂತ ನಂಬಿ ಹೋದ ನನಗೆ ಹೆಚ್ಚು ನೋವಾದದ್ದು ಸಾಮಾನು ಇಲ್ಲದ್ದಕ್ಕಲ್ಲ, ಈ ಹಿಂಬಾಗಿಲಿಗೆ.

1991ರ ಜನವರಿ 22ರ ರಾತ್ರಿ ಒಂಬತ್ತರ ವಾರ್ತೆಯಲ್ಲಿ 50 ಮತ್ತು 100 ರೂಬಲ್ ನೋಟು ರದ್ದು ಅಂದರು. ಬದಲಾಯಿಸಿಕೊಳ್ಳಲು ಮೂರು ದಿನ, ಅದಕ್ಕೂ ಮಿತಿ. ಬಾಗಿಲ ಬಳಿಯ ಟೀವಿ ಮುಂದೆ ನಾವು ಹತ್ತು ಹನ್ನೆರಡು ಜನ ಇದ್ದೆವು. ತ್ಯೋತ್ಯಾ ಏನೂ ಮಾತಾಡಲಿಲ್ಲ, ಎದ್ದು ಕೋಟು ಹಾಕಿಕೊಂಡರು. ತನ್ನ ಅಂತ್ಯಕ್ರಿಯೆಗೆ ಅಂತ ಆಕೆ ಒಂದೊಂದೇ ನೋಟು ಕೂಡಿಟ್ಟದ್ದು ನನಗೆ ಗೊತ್ತಿತ್ತು. ಮರುದಿನ ಬೆಳಿಗ್ಗೆ ಕತ್ತಲಲ್ಲೇ ಉಳಿತಾಯ ಬ್ಯಾಂಕಿನ ಸಾಲಿನಲ್ಲಿ ಅವರ ಜೊತೆ ನಿಂತೆ. 2016ರಲ್ಲಿ ಹಾಸನದ ಬ್ಯಾಂಕಿನ ಮುಂದೆ ಜನ ನಿಂತದ್ದನ್ನು ನೋಡಿದಾಗ ನನ್ನ ಕಾಲು ತಾನಾಗಿ ನಿಂತುಬಿಟ್ಟಿತು. 1991ರ ಏಪ್ರಿಲ್‌ನಲ್ಲಿ ಅಲ್ಲಿ ಬೆಲೆಗಳು ಏರಿದವು, 1992ರ ಜನವರಿ 2ರಂದು ಬೆಲೆಗಳ ಹಗ್ಗವನ್ನೇ ಬಿಚ್ಚಿದರು. ಅಂಗಡಿ ತುಂಬಿತು, ಸಾಲು ಕರಗಿತು, ಕೊಳ್ಳಲು ಅಜ್ಜಿಯಂದಿರ ಕೈಯಲ್ಲಿ ಏನೂ ಉಳಿಯಲಿಲ್ಲ. ಮೆಟ್ರೋ ಬಾಗಿಲಲ್ಲಿ ಮನೆಯ ಲೋಟ, ಶಾಲು ಹಿಡಿದು ಮಾರಲು ನಿಂತರು. ಅದನ್ನು ಇನ್ನೊಂದು ದಿನ ಬರೆಯುತ್ತೇನೆ.

ಅದಕ್ಕೂ ಮೊದಲಿನದ್ದು ಒಂದು ಹೇಳಬೇಕು. 1991ರ ಬೇಸಿಗೆ ರಜೆಗೆ ಊರಿಗೆ ಬಂದಾಗ ಆ ಡಬ್ಬಿ ಅಪ್ಪಯ್ಯನಿಗೆ ತೋರಿಸಿದೆ. ಅವರು ಮುಚ್ಚಳ ತೆಗೆದು ಮೂಸಿದರು, ಬಹಳ ಹೊತ್ತು ತಿರುಗಿಸಿ ನೋಡಿದರು. 'ಎಷ್ಟು ಹೊತ್ತು ನಿಂತಿದ್ದೆ ಅಂದೆ?' ಅಂತ ಕೇಳಿದರು. ಬೆಲೆ ಕೇಳಲಿಲ್ಲ. ಹೊರಡುವ ಹಿಂದಿನ ದಿನ ಮನೆ ಖರ್ಚಿಗೆ ಇಟ್ಟ ಬೀಜದಿಂದಲೇ ಹುರಿದು ಎರಡು ಕೆಜಿ ಪುಡಿ ಮಾಡಿಸಿ ಪ್ಯಾಕ್ ಮಾಡಿದರು. 'ಆ ಅಮ್ಮನಿಗೆ ಕೊಡು' ಅಂದರು.

ಸೆಪ್ಟೆಂಬರಿನಲ್ಲಿ ವಾಪಸು ಹೋದೆ. ಗೊರ್ಬಚೋವ್ ಅವರನ್ನು ಇಳಿಸಲು ಆಗಸ್ಟಿನಲ್ಲಿ ನಡೆದ ಕ್ಷಿಪ್ರಕ್ರಾಂತಿ ಸೋತು ಹೋಗಿತ್ತು, ಟ್ಯಾಂಕುಗಳು ಬಂದು ತಿರುಗಿ ಹೋಗಿದ್ದವು. ತ್ಯೋತ್ಯಾ ಅದೇ ಕುರ್ಚಿಯಲ್ಲಿ ಕೂತಿದ್ದರು. ಪುಡಿಯ ಪೊಟ್ಟಣ ಕೊಟ್ಟಾಗ ಎರಡೂ ಕೈಯಲ್ಲಿ ಹಿಡಿದು ಮುಖಕ್ಕೆ ಒತ್ತಿಕೊಂಡರು. ಸಂಜೆ ಅವರ ಮೇಜಿನ ಮೇಲೆ ಹಳೆಯ ದಿನಪತ್ರಿಕೆಯ ಚೌಕಗಳು ಸಾಲಾಗಿದ್ದವು. ಒಂದೊಂದಕ್ಕೂ ಮೂರು ಚಮಚ ಹಾಕಿ ಮಡಿಸುತ್ತಿದ್ದರು. ಇವಳು ಬ್ರೆಡ್ ಅಂಗಡಿಯಲ್ಲಿ ನನ್ನ ಜಾಗ ಹಿಡಿದವಳು, ಇವಳು ಬ್ಯಾಂಕಿನ ಸಾಲಿನಲ್ಲಿ ಕೂರಲು ಪೆಟ್ಟಿಗೆ ಕೊಟ್ಟವಳು, ಇವಳು ನಿಂಬೆಹಣ್ಣು ಬಂದಿದೆ ಅಂತ ಓಡಿ ಬಂದು ಹೇಳಿದವಳು ಅಂತ ಹೇಳುತ್ತ ಹೋದರು. ಹದಿನೇಳು ಪೊಟ್ಟಣ ಆದವು. ಉಳಿದದ್ದರಲ್ಲಿ ಸ್ವಲ್ಪ ತೆಗೆದು ಪಾತ್ರೆಯಲ್ಲಿ ಕುದಿಸಿ, ಸಕ್ಕರೆ ಇಲ್ಲದೆ, ನನಗೊಂದು ಲೋಟ, ಅವರಿಗೊಂದು ಲೋಟ ಬಗ್ಗಿಸಿದರು.