ಉಳಿಸುವುದಕ್ಕೋ, ಉರುಳಿಸುವುದಕ್ಕೋ?

ಈ ವಾರವೆಲ್ಲ ಒಂದೇ ಮಾತು ಕಿವಿಯಲ್ಲಿ ಗುಂಯ್‌ಗುಡುತ್ತಿದೆ. ಹಳೆಯ ಕಟ್ಟಡಗಳನ್ನು ಅಳೆದು ನಕ್ಷೆ ಮಾಡಿಡುವ ಗುಂಪು ನಮ್ಮದು. ಮಂಗಳವಾರ ಬೆಳಗ್ಗೆ ಮೈಸೂರಿನ ದೇವರಾಜ ಮಾರುಕಟ್ಟೆಯ ಒಳಸಾಲಿನಲ್ಲಿ ಅಳತೆ ಹಿಡಿಯುತ್ತಿದ್ದೆವು. ಟೇಪಿನ ಒಂದು ತುದಿ ನನ್ನ ಕೈಯಲ್ಲಿ, ಇನ್ನೊಂದು ತುದಿ ವಾಸ್ತುಶಿಲ್ಪ ಓದುತ್ತಿರುವ ಹುಡುಗಿಯ ಕೈಯಲ್ಲಿ. ನಡುವೆ ಬಾಳೆಗೊನೆ ಹೊತ್ತವರು, ಹೂವಿನ ಕುಕ್ಕೆಯವರು ತಲೆ ತಗ್ಗಿಸಿ ದಾಟಿ ಹೋಗುತ್ತಿದ್ದರು. ವರಮಹಾಲಕ್ಷ್ಮಿ ಹಬ್ಬ ಹತ್ತಿರ ಬಂದಿದೆ, ಯಾರಿಗೂ ನಿಲ್ಲಲು ಪುರುಸೊತ್ತಿಲ್ಲ. ಗ್ರಂದಿಗೆ ಅಂಗಡಿಯ ಯಜಮಾನರೊಬ್ಬರು ಮಾತ್ರ ಗಿರಾಕಿಗೆ ಅರಿಶಿನದ ಕೊಂಬು ತೂಗುತ್ತಲೇ ನಮ್ಮ ಮೇಲೆ ಕಣ್ಣಿಟ್ಟಿದ್ದರು. ಅವರ ಅಂಗಡಿಯ ಮುಂದಿನ ಕಂಬಕ್ಕೆ ಟೇಪು ತಾಗಿದಾಗ ತಕ್ಕಡಿ ಕೆಳಗಿಟ್ಟರು.

"ಅಳೆದುಕೊಳ್ಳಿ ತಾಯಿ, ಬೇಡ ಎನ್ನುವುದಿಲ್ಲ. ಆದರೆ ಇದು ಉಳಿಸುವುದಕ್ಕೋ, ಉರುಳಿಸುವುದಕ್ಕೋ, ಅದೊಂದನ್ನು ಹೇಳಿಬಿಡಿ."

"ದಾಖಲೆಗೆ, ಯಜಮಾನರೇ," ಎಂದೆ.

"ದಾಖಲೆ ಮಾಡಿ ಯಾರ ಕೈಗೆ ಕೊಡುತ್ತೀರಿ?"

ಅಷ್ಟರಲ್ಲಿ ಯಾರೋ ಊದುಬತ್ತಿ ಕೇಳಿದರು. ಅವರು ಅತ್ತ ತಿರುಗಿದರು. ಮಾತು ಅಲ್ಲಿಗೇ ನಿಂತಿತು, ನನ್ನೊಳಗೆ ಮಾತ್ರ ನಿಲ್ಲಲಿಲ್ಲ.

ನಮ್ಮ ಕೆಲಸವನ್ನು ಹೊಗಳುವವರಿಗೆ ಕೊರತೆಯಿಲ್ಲ. "ಎಂಥ ಒಳ್ಳೆಯ ಕೆಲಸ" ಎನ್ನುತ್ತಾರೆ, ಕುಂಕುಮದ ಬಣ್ಣಬಣ್ಣದ ಗೋಪುರಗಳ ಮುಂದೆ ನಿಂತು ಫೋಟೊ ತೆಗೆಸಿಕೊಳ್ಳುತ್ತಾರೆ, ತರಕಾರಿಯನ್ನು ಮಾತ್ರ ಮಾಲ್‌ನಲ್ಲಿ ಕೊಳ್ಳುತ್ತಾರೆ. ಅಂಥವರ ಪರಂಪರೆಯ ಪ್ರೀತಿಯ ಮೇಲೆ ನನಗೆ ಹೆಚ್ಚಿನ ನಂಬಿಕೆಯಿಲ್ಲ. ಆ ಯಜಮಾನರು ಹೊಗಳಲೂ ಇಲ್ಲ, ಬೈಯಲೂ ಇಲ್ಲ. ಕೇಳಬೇಕಾದದ್ದನ್ನು ಕೇಳಿದರು. ಅಜ್ಜನ ಕಾಲದಿಂದ ಒಂದೇ ಕಂಬಕ್ಕೆ ಒರಗಿ ವ್ಯಾಪಾರ ಮಾಡಿದವರಿಗೆ, ಟೇಪು ಹಿಡಿದು ಬಂದವರನ್ನು ಸಂಶಯದಿಂದ ನೋಡುವ ಹಕ್ಕಿದೆ. ಅಳತೆ ಮಾಡಲು ಬಂದವರ ಹಿಂದೆಯೇ ನೋಟಿಸು ಬರುತ್ತದೆ ಎಂಬುದು ಯಾವ ಊರಿನ ಹಳೆಯ ಪೇಟೆಯವರಿಗೂ ಗೊತ್ತಿರುವ ಸಂಗತಿ.

ಅದರಲ್ಲೂ ಈ ಕಟ್ಟಡ ಪಟ್ಟ ಪಾಡು ಕಡಿಮೆಯದಲ್ಲ. ಹತ್ತನೆಯ ಚಾಮರಾಜ ಒಡೆಯರ ಕಾಲದಲ್ಲಿ ರೂಪುಗೊಂಡು, ನಾಲ್ವಡಿಯವರ ಕಾಲದಲ್ಲಿ ಬೆಳೆದ ಮಾರುಕಟ್ಟೆಯಿದು. 2012ರ ಆಗಸ್ಟ್ 25ರಂದು ಹತ್ತಿರದ ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗ ಕುಸಿದು ನಾಲ್ವರು ಸತ್ತರು. ವೈಸರಾಯ್ ಲ್ಯಾನ್ಸ್‌ಡೌನ್ ಮೈಸೂರಿಗೆ ಬಂದ ನೆನಪಿಗಾಗಿ 1892ರಲ್ಲಿ ಕಟ್ಟಿದ ಅಂಗಡಿ ಸಾಲು ಅದು. ನಾಲ್ಕು ವರ್ಷಗಳ ನಂತರ, 2016ರ ಆಗಸ್ಟ್ 28ರ ಭಾನುವಾರ, ದೇವರಾಜ ಮಾರುಕಟ್ಟೆಯ ಧನ್ವಂತರಿ ರಸ್ತೆಯ ಕಡೆಯ ದ್ವಾರದ ಭಾಗವೇ ಕುಸಿಯಿತು. ಅದೂ ದುರಸ್ತಿಯ ಕೆಲಸ ನಡೆಯುತ್ತಿದ್ದಾಗ. ಪುಣ್ಯಕ್ಕೆ ಪ್ರಾಣಹಾನಿಯಾಗಲಿಲ್ಲ. ಆಮೇಲೆ ನಡೆದದ್ದೆಲ್ಲ ವಾದ. ಬಲಪಡಿಸಿ ಉಳಿಸಬಹುದು ಎಂದು ಪರಂಪರೆಯ ಸಂರಕ್ಷಣೆಗೆ ದುಡಿಯುವ ಇನ್‌ಟ್ಯಾಕ್ ಸಂಸ್ಥೆಯ ತಜ್ಞರು, ಕೆಡವಿ ಅದೇ ರೂಪದಲ್ಲಿ ಕಟ್ಟುವುದೇ ಸರಿ ಎಂದು ಇನ್ನೊಂದು ತಜ್ಞರ ತಂಡ. 2023ರಲ್ಲಿ ಹೈಕೋರ್ಟ್ ನೆಲಸಮವನ್ನು ಪ್ರಶ್ನಿಸಿದ್ದ ಅರ್ಜಿಗಳನ್ನು ತಳ್ಳಿಹಾಕಿತು.

ಇಷ್ಟೆಲ್ಲ ಆದಮೇಲೆ ಟೇಪು ಹಿಡಿದು ಹೋದರೆ ಬೇರೆ ಯಾವ ಪ್ರಶ್ನೆ ಎದುರಾದೀತು?

ಮಳೆಗಾಲದಲ್ಲಿ ಅಳತೆಗೆ ಹೋಗುವುದೇಕೆ ಎಂದು ಕೆಲವರು ಕೇಳುತ್ತಾರೆ. ಹಳೆಯ ಕಟ್ಟಡ ತನ್ನ ರೋಗವನ್ನು ಬಾಯಿಬಿಟ್ಟು ಹೇಳುವುದು ಮಳೆಗಾಲದಲ್ಲಿ ಮಾತ್ರ. ಎಲ್ಲಿ ಜಿನುಗುತ್ತದೆ, ಯಾವ ಕೊಳವೆ ಕಟ್ಟಿದೆ, ಚಾವಣಿಯ ನೀರು ಯಾವ ಗೋಡೆಯೊಳಗೆ ಇಳಿಯುತ್ತದೆ ಎಂಬುದು ಬೇಸಿಗೆಯಲ್ಲಿ ಎಷ್ಟು ಫೋಟೊ ತೆಗೆದರೂ ತಿಳಿಯುವುದಿಲ್ಲ. ಯಜಮಾನರ ಅಂಗಡಿಯ ಮುಂದಿನ ಕಂಬವನ್ನೇ ನೋಡಿ. ಬುಡದಿಂದ ಮೊಣಕಾಲೆತ್ತರಕ್ಕೆ ಸಿಮೆಂಟ್ ಪ್ಲಾಸ್ಟರ್, ಅದರ ಮೇಲೆ ಹೊಳೆಯುವ ಪೇಂಟು. ಬೆರಳ ಗೆಣ್ಣಿನಿಂದ ತಟ್ಟಿದರೆ ಡೊಳ್ಳು ಸದ್ದು. ಒಂದು ಮೂಲೆ ಹಪ್ಪಳದಂತೆ ಎದ್ದು ಬಂದಿದೆ. ಅದರ ಹಿಂದೆ ಹಳೆಯ ಸುಣ್ಣದ ಗಾರೆ ಒದ್ದೆಯಾಗಿ, ಉಗುರು ತಾಗಿದರೆ ಉದುರುವಂತೆ ನಿಂತಿದೆ. ಅದೇ ಗಾರೆ ಎದೆಯೆತ್ತರದಲ್ಲಿ, ಸಿಮೆಂಟು ಸೋಕದ ಜಾಗದಲ್ಲಿ, ಮೊಳೆ ಇಳಿಯದಷ್ಟು ಗಟ್ಟಿ. ಸುಣ್ಣದ ಗೋಡೆ ನೀರು ಕುಡಿಯುತ್ತದೆ, ಬಿಸಿಲಿಗೆ ಆರಿ ಅದನ್ನು ಹೊರಗೆ ಬಿಡುತ್ತದೆ. ಸಿಮೆಂಟು ಬಳಿದರೆ ನೀರಿಗೆ ಹೊರಬರುವ ದಾರಿಯೇ ಇಲ್ಲ. ಬಲವಾಗಲಿ ಎಂದು ಬಳಿದದ್ದೇ ಬಲ ತಿಂದಿದೆ. ಚಾವಣಿಯಲ್ಲೂ ಇದೇ ಕಥೆ: ತೊಲೆಗಳ ಮೇಲೆ ಇಟ್ಟಿಗೆಯನ್ನು ಅಂಚಿನ ಮೇಲೆ ನಿಲ್ಲಿಸಿ ಸುಣ್ಣದಲ್ಲಿ ಕೂರಿಸುವ ಮದ್ರಾಸ್ ತಾರಸಿ ನೂರು ವರ್ಷ ತಾಳುತ್ತದೆ, ನೀರು ನಿಲ್ಲದಂತೆ ನೋಡಿಕೊಂಡರೆ. ಚಾವಣಿಯ ನೀರು ಹೊರಬೀಳುವ ದಬ್ಬೆಗೆ ಕಸ ತುಂಬಿ, ಬಿರುಕಿನಲ್ಲಿ ಒಂದು ಅರಳಿ ಸಸಿ ಬೇರು ಬಿಟ್ಟರೆ ತೊಲೆಯ ತುದಿ ಕೊಳೆಯಲು ಹೆಚ್ಚು ಕಾಲ ಬೇಕಿಲ್ಲ.

ಇದನ್ನೆಲ್ಲ ಬರೆದಿಟ್ಟುಕೊಳ್ಳುವುದೇ ನಮ್ಮ ಕೆಲಸ. ಉದ್ದ ಅಗಲವಷ್ಟೇ ಅಲ್ಲ, ಮೂಲೆಯಿಂದ ಮೂಲೆಗೂ ಹಿಡಿಯಬೇಕು. ಹಳೆಯ ಪೇಟೆಯಲ್ಲಿ ಚೌಕವಾಗಿ ಕಂಡ ಕೋಣೆ ಚೌಕವಾಗಿರುವುದಿಲ್ಲ. ಗೋಡೆ ಎಷ್ಟು ವಾಲಿದೆ ಎಂದು ತೂಗುಗುಂಡು ಬಿಟ್ಟು ನೋಡಬೇಕು. ಬಿರುಕು ಎಲ್ಲಿ ಹುಟ್ಟಿ ಎಲ್ಲಿ ಮುಗಿಯುತ್ತದೆ, ಮೇಲೆ ಅಗಲವೋ ಕೆಳಗೆ ಅಗಲವೋ ಎಂದು ಗುರುತಿಸಬೇಕು. ಅಡಿಪಾಯ ಕುಸಿದಿದೆಯೋ, ಮೇಲಿನ ಭಾರ ತಪ್ಪಿದೆಯೋ ಎಂಬುದರ ಸುಳಿವು ಅಲ್ಲಿಯೇ ಸಿಗುತ್ತದೆ. ಹಾಗಿದ್ದ ಮೇಲೆ "ದಾಖಲೆಗೆ" ಎಂಬ ನನ್ನ ಉತ್ತರ ಯಜಮಾನರಿಗೆ ಏಕೆ ಸಾಲಲಿಲ್ಲ?

ಮನೆಗೆ ಬಂದು ನಕ್ಷೆಗೆ ಅಳತೆ ಇಳಿಸುವಾಗ ಅದು ಹೊಳೆಯತೊಡಗಿತು. ಒಂದೇ ನಕ್ಷೆ ಎರಡು ಮೇಜಿನ ಮೇಲೆ ಎರಡು ಕೆಲಸ ಮಾಡುತ್ತದೆ. ಗಾರೆ ಮೇಸ್ತ್ರಿಯ ಮುಂದೆ ಇಟ್ಟರೆ ಎಲ್ಲಿ ಕೈ ಹಾಕಬೇಕು, ಎಲ್ಲಿ ಹಾಕಬಾರದು ಎಂದು ತೋರಿಸುತ್ತದೆ. ಕೆಡವಲು ಹೊರಟವರ ಮುಂದೆ ಇಟ್ಟರೆ ಸಮಾಧಾನ ಕೊಡುತ್ತದೆ: ಎಲ್ಲ ದಾಖಲಾಗಿದೆಯಲ್ಲ, ಹೀಗೆಯೇ ಮತ್ತೆ ಕಟ್ಟೋಣ. ಕೆಡವುವ ಕೈಗೆ ಧೈರ್ಯ ತುಂಬುವುದು ಕೆಟ್ಟ ನಕ್ಷೆಯಲ್ಲ, ಒಳ್ಳೆಯ ನಕ್ಷೆ. ಇದು ನನ್ನನ್ನು ನಿಜಕ್ಕೂ ಕಂಗೆಡಿಸಿತು.

ಪೋಲೆಂಡಿನ ವಾರ್ಸಾ ನಗರದ ಉದಾಹರಣೆಯನ್ನು ಈ ಕ್ಷೇತ್ರದವರೆಲ್ಲ ಕೊಡುತ್ತಾರೆ. 1944ರಲ್ಲಿ ನಾಜಿ ಸೈನ್ಯ ಆ ಊರಿನ ಹಳೆಯ ಪೇಟೆಯನ್ನು ಬೇಕೆಂದೇ ನೆಲಸಮ ಮಾಡಿತು. ಅಲ್ಲಿನ ತಾಂತ್ರಿಕ ವಿಶ್ವವಿದ್ಯಾಲಯದ ವಾಸ್ತುಶಿಲ್ಪ ವಿಭಾಗದವರು ಮೊದಲೇ ಮಾಡಿದ್ದ ಅಳತೆಯ ನಕ್ಷೆಗಳನ್ನು ಜೀವದ ಹಂಗು ತೊರೆದು ಒಂದು ಕ್ರೈಸ್ತ ಮಠದಲ್ಲಿ ಬಚ್ಚಿಟ್ಟಿದ್ದರು. ಯುದ್ಧ ಮುಗಿದ ಮೇಲೆ ಆ ನಕ್ಷೆಗಳ ಆಧಾರದಿಂದ ಪೇಟೆ ಮತ್ತೆ ಎದ್ದಿತು. 1980ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೂ ಸೇರಿತು. ಪ್ಯಾರಿಸ್‌ನ ಹಳೆಯ ಚರ್ಚ್ ನಾಟ್ರ್‌ ಡಾಮ್ 2019ರಲ್ಲಿ ಹೊತ್ತಿ ಉರಿದಾಗ, ಆಂಡ್ರ್ಯೂ ಟಾಲನ್ ಎಂಬ ಕಲಾ ಇತಿಹಾಸಕಾರರು ಹಲವು ವರ್ಷ ಮೊದಲೇ ಲೇಸರ್‌ನಿಂದ ಮಾಡಿದ್ದ ಅಳತೆಗಳು ನೆರವಿಗೆ ಬಂದವು. ಇವನ್ನು ಓದಿದಾಗಲೆಲ್ಲ ಮೈ ನವಿರೇಳುತ್ತದೆ. ಆದರೆ ಅಲ್ಲಿ ಕಟ್ಟಡವನ್ನು ಕಸಿದದ್ದು ಯುದ್ಧ ಮತ್ತು ಬೆಂಕಿ. ನಿಂತಿರುವ, ಒಳಗೆ ದಿನವೂ ವ್ಯಾಪಾರ ನಡೆಯುತ್ತಿರುವ ಮಾರುಕಟ್ಟೆಯನ್ನು ನಾವಾಗಿಯೇ ಕೆಡವಿ, ನಕ್ಷೆ ಇದೆಯಲ್ಲ ಎನ್ನುವುದಕ್ಕೆ ವಾರ್ಸಾದ ಹೆಸರು ಹೇಳಬಾರದು. ಕಾಂಕ್ರೀಟಿನಲ್ಲಿ ಅದೇ ಕಮಾನು ಎರಕ ಹೊಯ್ದು, ಅದೇ ಹಳದಿ ಬಣ್ಣ ಬಳಿದರೆ ಯಾರಿಗೂ ವ್ಯತ್ಯಾಸ ತಿಳಿಯದು ಎಂದು ನನ್ನ ಹಳೆಯ ಸ್ನೇಹಿತರೊಬ್ಬರು ವಾದಿಸುತ್ತಾರೆ. ಒಳ್ಳೆಯ ಎಂಜಿನಿಯರ್, ಮನುಷ್ಯರಾಗಿಯೂ ಒಳ್ಳೆಯವರು. ಆದರೆ ಮಧ್ಯಾಹ್ನದ ಬಿಸಿಲಿನಲ್ಲಿ ಈ ಸಾಲಿನೊಳಗೆ ಹತ್ತು ನಿಮಿಷ ಕೂತಿದ್ದರೆ ಹಾಗೆ ಹೇಳುತ್ತಿರಲಿಲ್ಲ. ದಪ್ಪ ಗೋಡೆ, ಎತ್ತರದ ಚಾವಣಿ, ಗಾಳಿ ಆಡುವ ತೆರೆದ ಅಂಗಳ ಇವೆಲ್ಲ ಸೇರಿ ವಿಳ್ಯದೆಲೆಯನ್ನೂ ಮಲ್ಲಿಗೆಯನ್ನೂ ಸಂಜೆಯವರೆಗೆ ಬಾಡದಂತೆ ಕಾಯುತ್ತವೆ. ಅದನ್ನು ಬಣ್ಣ ಬಳಿದು ತರಲು ಬರುವುದಿಲ್ಲ.

ಗುರುವಾರ ಮತ್ತೆ ಹೋದೆವು. ಈ ಸಲ ನಕ್ಷೆಯ ಮೊದಲ ಹಾಳೆಯನ್ನು ಯಜಮಾನರ ಮುಂದೆಯೇ ಹರಡಿದೆ. ಅವರು ಕನ್ನಡಕ ಏರಿಸಿ, ತಮ್ಮ ಅಂಗಡಿಯನ್ನು ಹುಡುಕಿ, ಅದರ ಮೇಲೆ ಬೆರಳಿಟ್ಟರು. ಆಮೇಲೆ ಅವರ ಬೆರಳು ಹಾಳೆಯ ತುಂಬ ಓಡಾಡಿತು. ಈ ಕಲ್ಲುಚಪ್ಪಡಿಯ ಕೆಳಗೆ ಹಳೆಯ ಮೋರಿ ಇದೆ, ಮೇಲೆ ಹೊಸ ನೆಲ ಹಾಕುವಾಗ ಅದರ ಬಾಯಿ ಮುಚ್ಚಿದರು. ಈ ಎರಡು ಅಂಗಡಿಗಳ ನಡುವೆ ಗೋಡೆಯಿತ್ತು, ಅಣ್ಣತಮ್ಮಂದಿರು ಒಂದಾಗಿ ವ್ಯಾಪಾರ ಮಾಡುವಾಗ ಒಡೆಸಿದರು. ಈ ಅಟ್ಟ ಆಮೇಲೆ ಬಂದದ್ದು, ಅದರ ತೊಲೆಯನ್ನು ಹಳೆಯ ಗೋಡೆಗೆ ತೂರಿಸಿದ್ದಾರೆ. ನಮ್ಮ ಲೇಸರ್ ಯಂತ್ರಕ್ಕೆ ಒಂದು ಮಿಲಿಮೀಟರ್ ವ್ಯತ್ಯಾಸವೂ ಕಾಣುತ್ತದೆ, ಆದರೆ ಇಲ್ಲದ ಗೋಡೆ, ಮುಚ್ಚಿದ ಮೋರಿ ಅದಕ್ಕೆ ಕಾಣುವುದಿಲ್ಲ. ಹುಡುಗಿ ಯಂತ್ರವನ್ನು ಚೀಲಕ್ಕೆ ಹಾಕಿ ಬರೆದುಕೊಳ್ಳಲು ಕೂತಳು. ಆಕೆಯ ಬಗ್ಗೆ ನನಗೆ ಹೆಮ್ಮೆ. ಈ ವಯಸ್ಸಿನಲ್ಲಿ ಯಂತ್ರ ಬಿಟ್ಟು ಮನುಷ್ಯರ ಮಾತಿಗೆ ಕಿವಿಗೊಡುವವರು ಎಲ್ಲರೂ ಅಲ್ಲ.

ಮಾತಿನ ನಡುವೆ ಯಜಮಾನರು ಗೋಣಿಚೀಲವೊಂದರಿಂದ ಒಂದು ಹಿಡಿ ಅಳಲೆಕಾಯಿ ತೆಗೆದು ಹಾಳೆಯ ಮೇಲಿಟ್ಟರು. "ನಮ್ಮ ತಾತ ಹೇಳುತ್ತಿದ್ದರು, ಈ ಕಂಬದ ಗಾರೆಗೆ ಇದನ್ನೇ ಬೆಲ್ಲದ ಜೊತೆ ನೆನೆಸಿ ಆ ನೀರು ಹಾಕಿ ಅರೆದರಂತೆ. ಇದು ಈಗಲೂ ನಮ್ಮ ಅಂಗಡಿಯಲ್ಲಿ ಸಿಗುತ್ತದೆ. ಹಾಕುವವರಿದ್ದರೆ ಹೇಳಿ, ಕೊಡುತ್ತೇನೆ," ಎಂದರು. ಸುಣ್ಣ, ಮರಳು, ಇಟ್ಟಿಗೆ ಪುಡಿಯ ಸುರ್ಕಿ, ಅಳಲೆಕಾಯಿ, ಬೆಲ್ಲ: ಹಳೆಯ ಗಾರೆ ಮೇಸ್ತ್ರಿಗಳ ಪಾಕ ಇದು. ಪುಸ್ತಕಗಳಲ್ಲಿ ಓದಿದ್ದೆ, ತರಗತಿಯಲ್ಲಿ ಹೇಳಿದ್ದೆ. ಕಟ್ಟಡದ ಔಷಧಿ ಕಟ್ಟಡದೊಳಗೇ ಮಾರಾಟಕ್ಕಿದೆ ಎಂಬುದನ್ನು ಹೀಗೆ ಎದುರಿಗೇ ಕಂಡಿರಲಿಲ್ಲ.

ಅವರ ಎರಡನೆಯ ಪ್ರಶ್ನೆ ಮೊದಲನೆಯದಕ್ಕಿಂತ ದೊಡ್ಡದು ಎಂದು ಈಗ ಅನ್ನಿಸುತ್ತಿದೆ. ದಾಖಲೆ ಯಾರ ಕೈಯಲ್ಲಿರುತ್ತದೆ? ನಮ್ಮಲ್ಲಿ ಇಂಥ ನಕ್ಷೆಗಳು ಇಂಗ್ಲಿಷಿನಲ್ಲಿ ಸಿದ್ಧವಾಗಿ, ದಪ್ಪ ವರದಿಯಾಗಿ, ಕಪಾಟು ಸೇರುತ್ತವೆ. ಕಟ್ಟಡದಲ್ಲಿ ಬದುಕುವವರಿಗೆ ಅದರ ಒಂದು ಪ್ರತಿಯೂ ಸಿಗುವುದಿಲ್ಲ. ತಮ್ಮ ಅಂಗಡಿಯ ಗೋಡೆ ಎಷ್ಟು ವಾಲಿದೆ ಎಂಬ ಕಾಗದ ಅವರ ಕೈಯಲ್ಲಿದ್ದರೆ, ಮುಂದಿನ ಮಳೆಗಾಲದಲ್ಲಿ ಅದು ಇನ್ನಷ್ಟು ವಾಲಿತೇ ಎಂದು ಅವರೇ ನೋಡಬಲ್ಲರು. ಕಟ್ಟಡ ಅಪಾಯದಲ್ಲಿದೆ ಎಂದು ಯಾರಾದರೂ ಹೇಳಿದರೆ ಎಲ್ಲಿ, ಎಷ್ಟು ಎಂದು ಕೇಳಬಲ್ಲರು. ನಿಜಕ್ಕೂ ಅಪಾಯವಿದ್ದ ಕಡೆ ಮೊದಲು ಹೊರಬರುವವರೂ ಅವರೇ ಆಗುತ್ತಾರೆ. ಲ್ಯಾನ್ಸ್‌ಡೌನ್‌ನಲ್ಲಿ ಹೋದ ನಾಲ್ಕು ಜೀವಗಳನ್ನು ಮರೆತು ಪರಂಪರೆಯ ಮಾತಾಡುವುದು ನನ್ನಿಂದಾಗದು. ಬೀಳುವ ಕಮಾನಿನ ಕೆಳಗೆ ಮನುಷ್ಯರನ್ನು ಕೂರಿಸಿ ಉಳಿಸಬೇಕಾದ ಪರಂಪರೆ ಯಾವುದೂ ಇಲ್ಲ. ಆದರೆ ಆ ಭಯಕ್ಕೆ ಔಷಧಿ ಪ್ರತಿ ವರ್ಷದ ಅಳತೆ ಮತ್ತು ದುರಸ್ತಿ. ಕುಸಿದ ಮೇಲೆ ಓಡಿ ಬಂದು ಅಳೆಯುವ ಈ ಪದ್ಧತಿಯೇ ನಮ್ಮ ಪೇಟೆಗಳನ್ನು ತಿನ್ನುತ್ತಿದೆ. ಸಂತೇಪೇಟೆಯಲ್ಲಿ, ಶಿವರಾಂಪೇಟೆಯಲ್ಲಿ, ಅಶೋಕ ರಸ್ತೆಯಲ್ಲಿ ಇನ್ನೂ ಗಟ್ಟಿಯಾಗಿ ನಿಂತ ಹಳೆಯ ಅಂಗಡಿಗಳಿವೆ. ಅವಕ್ಕೆ ಯಾವ ನೋಟಿಸೂ ಬಂದಿಲ್ಲ, ಯಾವ ವಿವಾದವೂ ಇಲ್ಲ. ಅಳೆಯಬೇಕಾದದ್ದು ಈಗ, ಅವನ್ನು.

ನಮ್ಮ ಗುಂಪಿನವರು ಕೂತು ಕೆಲವು ತೀರ್ಮಾನ ಮಾಡಿದ್ದೇವೆ. ನಕ್ಷೆಯ ವಿವರಗಳೆಲ್ಲ ಕನ್ನಡದಲ್ಲಿರಬೇಕು. ಪ್ರತಿ ಅಂಗಡಿಯ ಹಾಳೆಯ ಒಂದು ಪ್ರತಿ ಆ ಅಂಗಡಿಯವರಿಗೇ ಸೇರಬೇಕು. ಹಾಳೆಯ ಬಲಬದಿಯಲ್ಲಿ "ಹೇಳಿದವರು" ಎಂಬ ಸಾಲು ಇರಬೇಕು. ಮೋರಿಯ ಸಂಗತಿ ಯಾರಿಂದ ತಿಳಿಯಿತೋ ಅವರ ಹೆಸರು, ಅವರು ಒಪ್ಪಿದರೆ, ಅಲ್ಲಿ ಬರಬೇಕು. ಮಳೆ ನಿಲ್ಲುವ ಮೊದಲು ಗಾರೆ ಕೆಲಸ ಬಲ್ಲವರೊಬ್ಬರನ್ನು ಜೊತೆಗೆ ಕರೆದುಕೊಂಡು ಚಾವಣಿಯ ದಬ್ಬೆಗಳನ್ನು ನೋಡಬೇಕು.

ಓದುಗರಿಂದಲೂ ಒಂದು ಕೆಲಸ ಆಗಬೇಕಿದೆ. ಮಾರುಕಟ್ಟೆಯ ಒಂದು ಮುಖ ಸಯ್ಯಾಜಿರಾವ್ ರಸ್ತೆಗಿದೆ, ಜಂಬೂಸವಾರಿ ಹೋಗುವುದು ಆ ರಸ್ತೆಯಲ್ಲಿಯೇ. ಎಷ್ಟೋ ಮನೆಗಳ ಆಲ್ಬಮ್‌ನಲ್ಲಿ ಅಂಬಾರಿಯ ಹಳೆಯ ಫೋಟೊಗಳಿವೆ. ಎಲ್ಲರೂ ಆನೆಯನ್ನು ನೋಡುತ್ತಾರೆ. ಈ ಸಲ ಆನೆಯ ಹಿಂದಿನ ಗೋಡೆಯನ್ನು ನೋಡಿ. ಕಮಾನಿನ ಮೇಲಿನ ಗಾರೆಯ ಅಲಂಕಾರ, ಕೈಪಿಡಿ ಗೋಡೆಯ ಎತ್ತರ, ಕಿಟಕಿಯ ಕದ, ನೀರಿನ ದಬ್ಬೆ, ಆಗಿನ ನಾಮಫಲಕಗಳು ಕಾಣುತ್ತಿದ್ದರೆ, ಫೋಟೊದ ಹಿಂಬದಿಯಲ್ಲಿ ಯಾವ ವರ್ಷದ ದಸರಾ ಎಂದು ಮನೆಯ ಹಿರಿಯರನ್ನು ಕೇಳಿ ಪೆನ್ಸಿಲ್‌ನಲ್ಲಿ ಬರೆದಿಡಿ. ಅರಳಿ ಸಸಿ ಯಾವ ವರ್ಷ ಹುಟ್ಟಿತು, ಯಾವ ಮೂಲೆಗೆ ಯಾವಾಗ ಸಿಮೆಂಟು ಬಂತು ಎಂಬುದು ಆ ಫೋಟೊಗಳಿಂದ ತಿಳಿಯುತ್ತದೆ. ಮೂಲ ಚಿತ್ರ ನಿಮ್ಮ ಬಳಿಯೇ ಇರಲಿ, ನಮಗೆ ಅದರ ನಕಲು ಸಾಕು.