ಕೋಲ್ಮನ್ 1910: ಆಕರ ಪಟ್ಟಿಯ ಕೆಲಸದಲ್ಲಿ ನಾನು ಕಲಿತದ್ದು

ವಿಜ್ಞಾನ ಲೇಖನಗಳ ಹಸ್ತಪ್ರತಿಗಳನ್ನು ಜರ್ನಲ್‌ಗಳಿಗೆ ಕಳುಹಿಸುವ ಮೊದಲು ಒಪ್ಪಗೊಳಿಸಿಕೊಡುವುದು ನನ್ನ ಕೆಲಸ. ಕಾಸರಗೋಡಿನಲ್ಲಿ 1916ರಲ್ಲಿಯೇ ತೆಂಗಿನ ಸಂಶೋಧನಾ ಕೇಂದ್ರ ಆರಂಭವಾದ ಕಾರಣ, ತೋಟದ ಬೆಳೆಗಳ ಬಗ್ಗೆ ಬರೆಯುವವರಿಗೆ ಈ ಊರಿನಲ್ಲಿ ಕೊರತೆಯಿಲ್ಲ. ನನ್ನ ಮೇಜಿಗೆ ಬರುವ ಹಸ್ತಪ್ರತಿಗಳಲ್ಲಿ ಹೆಚ್ಚಿನವು ತೆಂಗು, ಅಡಿಕೆ, ಕೊಕ್ಕೋ ಇವುಗಳಿಗೆ ಸಂಬಂಧಿಸಿದವು. ಅವುಗಳ ಕೊನೆಯಲ್ಲಿರುವ ಆಕರಗಳ ಪಟ್ಟಿಯನ್ನು ಜರ್ನಲ್ ಹೇಳಿದ ಶೈಲಿಗೆ ತರುವುದನ್ನು ನಾನು ಬಹಳ ಕಾಲ ಅಲ್ಪವಿರಾಮ, ಪೂರ್ಣವಿರಾಮ ಮತ್ತು ಓರೆ ಅಕ್ಷರಗಳ ಕೆಲಸವೆಂದೇ ತಿಳಿದಿದ್ದೆ. ಆ ತಿಳಿವಳಿಕೆ ತಪ್ಪೆಂದು ನನಗೆ ಮನದಟ್ಟಾದದ್ದು ಅಡಿಕೆಯ ಕೊಳೆರೋಗದ ಬಗೆಗಿನ ಒಂದು ಹಸ್ತಪ್ರತಿಯಿಂದ.

ಕೊಳೆರೋಗವನ್ನು ನಮ್ಮ ಕಡೆಯ ತೋಟದವರಿಗೆ ಪರಿಚಯಿಸಬೇಕಾಗಿಲ್ಲ. ಮಳೆ ಹಿಡಿಯುವ ಮೊದಲು ಒಂದು ಸಲ, ಮತ್ತೆ ಸುಮಾರು 40ರಿಂದ 45 ದಿನಗಳ ಬಳಿಕ ಇನ್ನೊಂದು ಸಲ ಮೈಲುತುತ್ತ ಮತ್ತು ಸುಣ್ಣದಿಂದ ಮಾಡುವ ಬೋರ್ಡೋ ದ್ರಾವಣ ಬಿಡದಿದ್ದರೆ ಎಳೆಯ ಅಡಿಕೆ ಕೊಳೆತು ಬುಡಕ್ಕೆ ಉದುರುವ ರೋಗ ಅದು. ಕೇರಳದಲ್ಲಿ ಅದಕ್ಕೆ ಮಹಾಳಿ ಎಂಬ ಹೆಸರಿದೆ. ಕೆನಡಾದಿಂದ ಬಂದು ಮೈಸೂರು ಸಂಸ್ಥಾನದ ಕೃಷಿ ಇಲಾಖೆಯಲ್ಲಿ ಕೆಲಸ ಮಾಡಿದ ಲೆಸ್ಲಿ ಕೋಲ್ಮನ್ ಅವರು ಈ ರೋಗವನ್ನು ಅಭ್ಯಾಸ ಮಾಡಿ 1910ರಲ್ಲಿ ಪ್ರಕಟಿಸಿದರು. ಹೀಗಾಗಿ ಕೊಳೆರೋಗದ ಬಗ್ಗೆ ಬರೆಯುವವರು ತಮ್ಮ ಪೀಠಿಕೆಯಲ್ಲಿ ‘ಕೋಲ್ಮನ್, 1910’ ಎಂದು ಬರೆಯದೆ ಮುಂದೆ ಹೋಗುವುದು ಅಪರೂಪ. ನನ್ನಲ್ಲಿಗೆ ಬಂದ ಹಸ್ತಪ್ರತಿಯಲ್ಲಿಯೂ ಅದು ಇತ್ತು. ಲೇಖಕರ ಅಡ್ಡಹೆಸರು, ಇನಿಷಿಯಲ್, ವರ್ಷ, ಶೀರ್ಷಿಕೆ, ಜರ್ನಲ್, ಸಂಪುಟ ಎಲ್ಲವನ್ನೂ ಜರ್ನಲ್‌ನ ಮಾದರಿಯಂತೆ ಜೋಡಿಸಿ, ಒಂದು ಚುಕ್ಕೆಯೂ ತಪ್ಪದಂತೆ ನೋಡಿ ಕಳುಹಿಸಿದೆ.

ಎರಡು ತಿಂಗಳ ಬಳಿಕ ಜರ್ನಲ್‌ನ ಪರವಾಗಿ ಹಸ್ತಪ್ರತಿ ಓದಿದ ಪರಿಶೀಲಕರೊಬ್ಬರ ಟಿಪ್ಪಣಿ ಬಂತು. ಈ ಶೀರ್ಷಿಕೆಯ ಲೇಖನ ಆ ಜರ್ನಲ್‌ನ ಆ ಸಂಪುಟದಲ್ಲಿ ಇಲ್ಲವೇ ಇಲ್ಲ, ನೀವು ಓದಿದ್ದು ಯಾವುದನ್ನು ಎಂದು ಅವರು ಕೇಳಿದ್ದರು. ಹುಡುಕಿ ನೋಡಿದಾಗ ವಿಷಯ ತಿಳಿಯಿತು. ಕೋಲ್ಮನ್ ಅವರು 1910ರಲ್ಲಿ ಇದೇ ರೋಗದ ಬಗ್ಗೆ ಎರಡು ಕಡೆ ಪ್ರಕಟಿಸಿದ್ದಾರೆ: ಒಂದು, ಮೈಸೂರು ಕೃಷಿ ಇಲಾಖೆಯ ಇಂಗ್ಲಿಷ್ ಬುಲೆಟಿನ್, ಇನ್ನೊಂದು, ‘ಅನ್ನಾಲೆಸ್ ಮೈಕೊಲಾಜಿಸಿ’ ಎಂಬ ಜರ್ನಲ್‌ನ ಎಂಟನೆಯ ಸಂಪುಟದಲ್ಲಿ ಬಂದ ಜರ್ಮನ್ ಲೇಖನ. ನಮ್ಮ ಪಟ್ಟಿಯಲ್ಲಿ ಬುಲೆಟಿನ್ನಿನ ಶೀರ್ಷಿಕೆಗೆ ಜರ್ಮನ್ ಲೇಖನದ ಜರ್ನಲ್ ಮತ್ತು ಸಂಪುಟ ಸೇರಿಕೊಂಡಿತ್ತು. ಲೇಖಕಿ ಶೀರ್ಷಿಕೆಯನ್ನು ಯಾರದೋ ಒಂದು ಲೇಖನದ ಪಟ್ಟಿಯಿಂದಲೂ ಉಳಿದ ವಿವರಗಳನ್ನು ಇನ್ನೊಬ್ಬರ ಪಟ್ಟಿಯಿಂದಲೂ ತೆಗೆದುಕೊಂಡಿದ್ದರು. ಲೋಕದಲ್ಲಿ ಇಲ್ಲದ ಒಂದು ಪ್ರಕಟಣೆಗೆ ನಾನು ಅಚ್ಚುಕಟ್ಟಾದ ರೂಪ ಕೊಟ್ಟು ಕಳುಹಿಸಿದ್ದೆ. ಅದು ಅಷ್ಟು ಅಚ್ಚುಕಟ್ಟಾಗಿ ಇದ್ದುದರಿಂದಲೇ ನಮ್ಮಿಬ್ಬರಿಗೂ ಅನುಮಾನ ಬಂದಿರಲಿಲ್ಲ ಎಂಬುದು ನನ್ನನ್ನು ಇಂದಿಗೂ ಕಾಡುತ್ತದೆ.

ಸರಿಪಡಿಸಲು ಹೊರಟಾಗ ಇನ್ನೊಂದು ಪ್ರಶ್ನೆ ಎದುರಾಯಿತು. ಒಬ್ಬರೇ ಲೇಖಕರ, ಒಂದೇ ವರ್ಷದ ಎರಡು ಆಕರಗಳಿದ್ದರೆ ವರ್ಷದ ಮುಂದೆ ಎ, ಬಿ ಎಂದು ಅಕ್ಷರ ಸೇರಿಸಿ ಪ್ರತ್ಯೇಕಿಸಬೇಕೆಂಬುದು ಲೇಖಕ–ವರ್ಷ ಪದ್ಧತಿಯ ನಿಯಮ. ಪಟ್ಟಿಯಲ್ಲಿ ಹಾಕಿದ ಅಕ್ಷರವನ್ನೇ ಲೇಖನದೊಳಗಿನ ಪ್ರತಿಯೊಂದು ಉಲ್ಲೇಖಕ್ಕೂ ಹಾಕಬೇಕು. ಆದರೆ ಯಾವ ವಾಕ್ಯಕ್ಕೆ ಎ, ಯಾವುದಕ್ಕೆ ಬಿ ಎಂದು ಹೇಳಬೇಕಾದರೆ ಎರಡರಲ್ಲಿಯೂ ಏನಿದೆ ಎಂದು ಗೊತ್ತಿರಬೇಕಲ್ಲವೇ? ಈ ರೋಗ ತರುವ, ಶಿಲೀಂಧ್ರದಂತಹ ಸೂಕ್ಷ್ಮಜೀವಿ ಫೈಟಾಫ್ತೊರಾಕ್ಕೆ ಕೋಲ್ಮನ್ ಹೆಸರಿಟ್ಟ ವಿಚಾರಕ್ಕೆ ಆಧಾರ ಜರ್ಮನ್ ಲೇಖನ. ಮೈಸೂರು ಸೀಮೆಯ ತೋಟಗಳಲ್ಲಿ ರೋಗ ಹೇಗಿತ್ತು ಎಂಬುದಕ್ಕೆ ಬುಲೆಟಿನ್. ಮೂಲವನ್ನು ತೆರೆಯದೆ ಆ ಒಂದು ಅಕ್ಷರವನ್ನು ಕೂಡ ಸರಿಯಾಗಿ ಹಾಕಲು ಬರುವುದಿಲ್ಲ.

ಇದೇ ಜೀವಿಯ ಹೆಸರಿನ ಮುಂದೆ ‘(ಕೋಲ್ಮನ್) ಪೆತಿಬ್ರಿಜ್’ ಎಂದು ಬರೆಯುವ ರೂಢಿಯಿದೆ. ಕೋಲ್ಮನ್ ಮೊದಲು ಹೆಸರಿಟ್ಟರು, ಪೆತಿಬ್ರಿಜ್ ಅದನ್ನು ಪ್ರತ್ಯೇಕ ಪ್ರಭೇದದ ಸ್ಥಾನಕ್ಕೆ ತಂದರು ಎಂದಷ್ಟೇ ಅದರ ಅರ್ಥ. ಅದು ಆಕರದ ಉಲ್ಲೇಖವಲ್ಲ. ಅಡಿಕೆಯ ಶಾಸ್ತ್ರೀಯ ಹೆಸರಿನ ಕೊನೆಯಲ್ಲಿ ಬರುವ ‘ಎಲ್.’ ಎಂಬುದು ಅದಕ್ಕೆ ಆ ಹೆಸರಿಟ್ಟ ಸಸ್ಯವಿಜ್ಞಾನಿ ಲಿನೇಯಸ್‌ರನ್ನು ಸೂಚಿಸುವಂತೆಯೇ ಇದು ಕೂಡ. ಹೊಸಬರು ಕೆಲವೊಮ್ಮೆ ಇದನ್ನು ಉಲ್ಲೇಖವೆಂದು ತಿಳಿದು ಪಟ್ಟಿಯಲ್ಲಿ ಪೆತಿಬ್ರಿಜ್ ಅವರನ್ನು ಹುಡುಕುತ್ತಾರೆ.

ಶೈಲಿಯ ನಿಯಮಗಳು ನಿಜಕ್ಕೂ ಕಷ್ಟವಲ್ಲ. ವೈದ್ಯಕೀಯ ಜರ್ನಲ್‌ಗಳಲ್ಲಿ ಹೆಚ್ಚು ಬಳಕೆಯಲ್ಲಿರುವ ವ್ಯಾಂಕೂವರ್ ಪದ್ಧತಿಯಲ್ಲಿ ಉಲ್ಲೇಖಗಳು ಬಂದ ಕ್ರಮದಲ್ಲಿ ಸಂಖ್ಯೆ ಪಡೆಯುತ್ತವೆ, ಆರು ಲೇಖಕರ ಬಳಿಕ ‘ಎಟ್ ಆಲ್’ (ಮತ್ತು ಇತರರು) ಬರುತ್ತದೆ. ಅಮೆರಿಕದ ಮನೋವಿಜ್ಞಾನ ಸಂಘದ ಶೈಲಿಯಾದ ಎಪಿಎಯ ಏಳನೆಯ ಆವೃತ್ತಿಯಲ್ಲಿ ಇಪ್ಪತ್ತು ಲೇಖಕರವರೆಗೆ ಎಲ್ಲರ ಹೆಸರನ್ನೂ ಬರೆಯಬೇಕು. ಇಂತಹ ಕೆಲಸವನ್ನು ಜೊಟೆರೊದಂತಹ, ಆಕರಗಳನ್ನು ಜೋಡಿಸಿಕೊಡುವ ತಂತ್ರಾಂಶ ಕ್ಷಣದಲ್ಲಿ ಮಾಡುತ್ತದೆ, ಮಾಡಲಿ. ತಂತ್ರಾಂಶಕ್ಕೆ ತಿಳಿಯದ್ದು ನಮ್ಮ ಹೆಸರುಗಳು. ನಮ್ಮ ಜಿಲ್ಲೆಯಲ್ಲಿ ಒಬ್ಬರಿಗೆ ಮನೆಯ ಹೆಸರು ಇನಿಷಿಯಲ್, ಇನ್ನೊಬ್ಬರಿಗೆ ಊರು, ಮತ್ತೊಬ್ಬರಿಗೆ ತಂದೆಯ ಹೆಸರು. ಭಟ್, ರೈ, ಶೆಟ್ಟಿ, ನಾಯರ್ ಎಂಬಂತೆ ಅಡ್ಡಹೆಸರು ಇರುವವರೂ ಇದ್ದಾರೆ, ಇಲ್ಲದವರೂ ಇದ್ದಾರೆ. ಎರಡು ಪದಗಳಿರುವ ಒಂದೇ ಹೆಸರನ್ನು ತಂತ್ರಾಂಶ ಮುರಿದು, ಕೊನೆಯ ಪದವನ್ನು ಅಡ್ಡಹೆಸರಾಗಿಸಿ, ಮೊದಲನೆಯದನ್ನು ಒಂದಕ್ಷರಕ್ಕೆ ಇಳಿಸುತ್ತದೆ. ಒಬ್ಬರೇ ವಿಜ್ಞಾನಿ ಹೀಗೆ ಇಬ್ಬರಾಗುತ್ತಾರೆ. ಅವರ ಶ್ರಮದ ಲೆಕ್ಕ ಎರಡು ಕಡೆ ಹಂಚಿಹೋಗುತ್ತದೆ. ಇದು ನನಗೆ ಕಾಗುಣಿತದ ತಪ್ಪಿಗಿಂತ ದೊಡ್ಡ ಅನ್ಯಾಯವಾಗಿ ಕಾಣುತ್ತದೆ. ಆದುದರಿಂದ ಲೇಖಕರು ತಮ್ಮ ಹೆಸರನ್ನು ತಾವೇ ಹೇಗೆ ಅಚ್ಚು ಮಾಡಿಸಿದ್ದಾರೆ ಎಂದು ಮೂಲದಲ್ಲಿ ನೋಡುತ್ತೇನೆ. ಪ್ರತಿಯೊಬ್ಬ ಸಂಶೋಧಕರಿಗೂ ಬೇರೆ ಬೇರೆಯಾಗಿರುವ, 2012ರಲ್ಲಿ ಆರಂಭವಾದ ಆರ್ಕಿಡ್ (ORCID) ಗುರುತು ಸಂಖ್ಯೆ ಇದ್ದರೆ ಈ ಕೆಲಸ ಸುಲಭ.

ಹಳೆಯ ವರದಿಗಳಲ್ಲಿ ಊರಿನ ವಿಚಾರಕ್ಕೂ ಇದೇ ಎಚ್ಚರ ಬೇಕು. 1956ರವರೆಗೆ ಕಾಸರಗೋಡು ದಕ್ಷಿಣ ಕನ್ನಡ ಜಿಲ್ಲೆಯೊಂದಿಗೆ ಮದ್ರಾಸಿನ ಆಡಳಿತದಲ್ಲಿತ್ತು. ಆ ಕಾಲದ ವರದಿಯ ಮುಖಪುಟದಲ್ಲಿ ಮದ್ರಾಸ್ ಎಂದಿದ್ದರೆ ಪಟ್ಟಿಯಲ್ಲಿಯೂ ಮದ್ರಾಸ್ ಎಂದೇ ಇರಬೇಕು. ಇಂದಿನ ನಕ್ಷೆ ನೋಡಿ ಅದನ್ನು ಕೇರಳವೆಂದು ತಿದ್ದಿದರೆ, ಗ್ರಂಥಾಲಯದಲ್ಲಿ ಹುಡುಕುವವರಿಗೆ ಆ ವರದಿ ಸಿಗುವುದಿಲ್ಲ.

ಈಗ ಹಸ್ತಪ್ರತಿ ಬಂದ ಕೂಡಲೇ ಪ್ರತಿಯೊಂದು ಆಕರದ ಮೊದಲ ಪುಟವನ್ನೂ, ಅದನ್ನು ಆಧರಿಸಿದ ಮಾತು ಇರುವ ಪುಟವನ್ನೂ ಕಳುಹಿಸಲು ಕೇಳುತ್ತೇನೆ. ಡಿಒಐ (ಲೇಖನಕ್ಕೆ ಅಂತರಜಾಲದಲ್ಲಿರುವ ಶಾಶ್ವತ ಗುರುತು) ಇರುವವುಗಳನ್ನು ಅದರ ಮೂಲಕ ತೆರೆದು, ಹಿಂತೆಗೆದುಕೊಂಡ ಲೇಖನವೇ ಎಂದು ಕೂಡ ನೋಡುತ್ತೇನೆ. ಶೈಲಿಯ ಕೆಲಸಕ್ಕೆ ಕೈ ಹಾಕುವುದು ಇದೆಲ್ಲ ಮುಗಿದ ಮೇಲೆಯೇ. ಅವಸರದಲ್ಲಿರುವ ಕೆಲವರಿಗೆ ಇದು ಬೇಸರ ತರುತ್ತದೆ, ಆದರೂ ಈ ಕ್ರಮವನ್ನು ನಾನು ಬಿಟ್ಟಿಲ್ಲ.

ಕೊಳೆರೋಗದ ಹಸ್ತಪ್ರತಿಯನ್ನು ನಾವಿಬ್ಬರೂ ಹೀಗೆಯೇ ಮೊದಲಿನಿಂದ ನೋಡಿದೆವು. ಮೂಲ ಎಲ್ಲಿಯೂ ಸಿಗದ ಎರಡು ಆಕರಗಳನ್ನು ಲೇಖಕಿ ಪಟ್ಟಿಯಿಂದ ತೆಗೆದು, ಅವುಗಳನ್ನು ಆಧರಿಸಿದ್ದ ವಾಕ್ಯಗಳನ್ನು ತಾವೇ ತಿದ್ದಿ ಬರೆದರು. ಜರ್ಮನ್ ಬಲ್ಲವರೊಬ್ಬರಿಂದ ಬೇಕಾದ ಪುಟಗಳನ್ನು ಓದಿಸಿ ತಿಳಿದುಕೊಂಡರು. ಲೇಖನ ಅಚ್ಚಾದಾಗ ಕೋಲ್ಮನ್ ಅವರ ಎರಡು ಪ್ರಕಟಣೆಗಳೂ ಎರಡು ಸಾಲುಗಳಲ್ಲಿ, ತಮ್ಮ ತಮ್ಮ ಶೀರ್ಷಿಕೆಗಳೊಂದಿಗೆ ಬಂದಿದ್ದವು.