ಯುಎಸ್‌ಬಿ ಸಾಕೆಟ್‌ಗೂ ಒಂದು ನೋಡ್: ನನ್ನ ಬೋರ್ಡ್ ಕೆಲಸದ ಡೈರಿ

ಮೊದಲ ಶನಿವಾರ

ನನ್ನ ಲಿನಕ್ಸ್ ಬೋರ್ಡ್ ಮೇಲೆ ಇರೋದು ಒಂದೇ ಮೈಕ್ರೋ-ಬಿ ಸಾಕೆಟ್. ಅದರ ಹಿಂದೆ ಯುಎಸ್‌ಬಿ ನಡೆಸುವ ಡಿಡಬ್ಲ್ಯೂಸಿ3 ಕಂಟ್ರೋಲರ್ ಇದೆ. ಕಂಪ್ಯೂಟರ್‌ಗೆ ಸಿಕ್ಕಿಸಿದರೆ ಬೋರ್ಡ್ ಒಂದು ನೆಟ್‌ವರ್ಕ್ ಕಾರ್ಡ್‌ನ ಹಾಗೆ ಕಾಣಿಸಬೇಕು. ಅದೇ ಸಾಕೆಟ್‌ಗೆ ಓಟಿಜಿ ಕೇಬಲ್ ಹಾಕಿ ಕೀಬೋರ್ಡ್ ಜೋಡಿಸಿದರೆ ಬೋರ್ಡೇ ಹೋಸ್ಟ್, ಅಂದರೆ ಕಂಪ್ಯೂಟರ್‌ನ ಜಾಗದಲ್ಲಿ ಇರುವ ಕಡೆ, ಆಗಬೇಕು. ಇಷ್ಟು ದಿನ ಡಿವೈಸ್ ಟ್ರೀಯಲ್ಲಿ (ಬೋರ್ಡ್ ಮೇಲೆ ಯಾವ ಹಾರ್ಡ್‌ವೇರ್ ಇದೆ ಅಂತ ಕರ್ನಲ್‌ಗೆ ಹೇಳುವ ಫೈಲ್; ಅದರ ಒಂದೊಂದು ಭಾಗ ಒಂದು ನೋಡ್) ಪಾತ್ರ ಹೇಳುವ ಡಿಆರ್-ಮೋಡ್ ಅನ್ನು ಪೆರಿಫೆರಲ್, ಅಂದರೆ ಡಿವೈಸ್, ಅಂತ ಕಟ್ಟಿಹಾಕಿದ್ದೆ. ಕೀಬೋರ್ಡ್ ಬೇಕಾದಾಗ ಅದನ್ನು ಹೋಸ್ಟ್ ಅಂತ ಬದಲಿಸಿ, ಮತ್ತೆ ಕಂಪೈಲ್ ಮಾಡಿ, ರೀಬೂಟ್ ಮಾಡುತ್ತಿದ್ದೆ. ಇನ್ನು ಸಾಕು ಅನ್ನಿಸಿತು.

ಕೇಬಲ್ ನೋಡಿ ಪಾತ್ರ ಬದಲಿಸೋಕೆ ಹಳೆಯ ದಾರಿ ಒಂದಿದೆ, ಲಿನಕ್ಸ್‌ನ ಎಕ್ಸ್‌ಟ್‌ಕಾನ್. ಅದರ ಜಿಪಿಐಒ (ಸಾಫ್ಟ್‌ವೇರ್ ಓದಬಲ್ಲ ಸಾಮಾನ್ಯ ಪಿನ್) ಡ್ರೈವರ್‌ಗೆ ಬರೆಯುವ ನೋಡ್‌ನ ಕಂಪ್ಯಾಟಿಬಲ್ ಹೆಸರು, ಅಂದರೆ ಯಾವ ಡ್ರೈವರ್ ಬೇಕು ಅಂತ ಹೇಳುವ ಹೆಸರು, ಲಿನಕ್ಸ್ ಅನ್ನುವ ಪದದಿಂದಲೇ ಶುರುವಾಗುತ್ತದೆ. ನನಗೆ ಹಿಡಿಸದೇ ಇದ್ದದ್ದು ಅದೇ. ಬೋರ್ಡ್ ಮೇಲೆ ಹುಡುಕಿದರೆ ಅಂಥ ವಸ್ತು ಯಾವುದೂ ಸಿಗೋದಿಲ್ಲ. ಡಿವೈಸ್ ಟ್ರೀಯಲ್ಲಿ ಇರಬೇಕಾದದ್ದು ಕೈಯಲ್ಲಿ ಮುಟ್ಟಬಹುದಾದ ಹಾರ್ಡ್‌ವೇರ್ ಅಲ್ವಾ? ಸಾಕೆಟ್ ಮುಟ್ಟಬಹುದು. ಅದರ ಪಿನ್‌ಗಳು ಎಲ್ಲಿಗೆ ಹೋಗುತ್ತವೆ ಅಂತ ಸ್ಕೀಮ್ಯಾಟಿಕ್ ನೋಡಿ ಹೇಳಬಹುದು. ಆದ್ದರಿಂದ ಸಾಕೆಟ್‌ಗೇ ಒಂದು ನೋಡ್ ಬರೆಯೋಣ ಅಂತ ತೀರ್ಮಾನಿಸಿದೆ.

ಮರುದಿನ

ಮೈಕ್ರೋ-ಬಿ ಸಾಕೆಟ್‌ನಲ್ಲಿ ಐದು ಪಿನ್. ವಿಬಸ್ (5 ವೋಲ್ಟ್ ಹರಿಯುವ ತಂತಿ), ಎರಡು ಡೇಟಾ ತಂತಿ, ಐಡಿ, ಗ್ರೌಂಡ್. ಪಾತ್ರ ತೀರ್ಮಾನ ಆಗೋದು ಐಡಿ ಪಿನ್ ಮೇಲೆ. ಓಟಿಜಿ ಕೇಬಲ್ ಐಡಿಯನ್ನು ಗ್ರೌಂಡ್‌ಗೆ ಸೇರಿಸುತ್ತದೆ, ಆಗ ನಾವು ಹೋಸ್ಟ್. ಸಾಮಾನ್ಯ ಕೇಬಲ್‌ನಲ್ಲಿ ಐಡಿ ಎಲ್ಲಿಗೂ ಸೇರದೆ ತೇಲುತ್ತಿರುತ್ತದೆ. ಆಗ ವಿಬಸ್‌ನಲ್ಲಿ ಆಚೆಯಿಂದ ಕರೆಂಟ್ ಬಂದಿದ್ದರೆ ನಾವು ಡಿವೈಸ್.

ಕನೆಕ್ಟರ್ ನೋಡ್ ಅನ್ನು ಕಂಟ್ರೋಲರ್ ನೋಡ್‌ನ ಒಳಗೇ, ಮಗುವಾಗಿ ಬರೆದೆ. ಕಂಪ್ಯಾಟಿಬಲ್‌ನಲ್ಲಿ ಎರಡು ಹೆಸರು: ಮೊದಲು ಜಿಪಿಐಒ-ಯುಎಸ್‌ಬಿ-ಬಿ-ಕನೆಕ್ಟರ್, ಆಮೇಲೆ ಯುಎಸ್‌ಬಿ-ಬಿ-ಕನೆಕ್ಟರ್. ಟೈಪ್ ಮೈಕ್ರೋ. ಐಡಿಗೆ ಒಂದು ಜಿಪಿಐಒ, ವಿಬಸ್ ನೋಡೋಕೆ ಇನ್ನೊಂದು. ಜೊತೆಗೆ ವಿಬಸ್-ಸಪ್ಲೈ, ಅಂದರೆ ಹೋಸ್ಟ್ ಆದಾಗ ನಾವು ಆಚೆಗೆ 5 ವೋಲ್ಟ್ ಕೊಡುವ ರೆಗ್ಯುಲೇಟರ್. ವಿಬಸ್‌ನ 5 ವೋಲ್ಟ್ ನೇರವಾಗಿ 3.3 ವೋಲ್ಟ್‌ನ ಜಿಪಿಐಒ ಪಿನ್‌ಗೆ ಹೋಗಬಾರದು, ಹಾಗಾಗಿ ನಡುವೆ ಎರಡು ರೆಸಿಸ್ಟರ್ ಹಾಕಿದ್ದೇನೆ. ಡಿಆರ್-ಮೋಡ್ ಅನ್ನು ಓಟಿಜಿ ಅಂತ ಬದಲಿಸಿದೆ.

ಬೂಟ್ ಮಾಡಿದೆ. ಕಂಪ್ಯೂಟರ್‌ಗೆ ಸಿಕ್ಕಿಸಿದರೆ ಕೆಲಸ ಮಾಡುತ್ತದೆ. ಓಟಿಜಿ ಕೇಬಲ್ ಹಾಕಿದರೆ ಏನೂ ಇಲ್ಲ. ಲಾಗ್‌ನಲ್ಲಿ ಒಂದು ಎರರ್ ಕೂಡ ಇಲ್ಲ.

ಇದಕ್ಕೆ ಇಡೀ ಸಂಜೆ ಹೋಯಿತು. ಸಿಸ್‌ಎಫ್‌ಎಸ್‌ನ (ಕರ್ನಲ್ ತನ್ನ ಒಳಗಿನ ಸ್ಥಿತಿ ತೋರಿಸುವ ಫೈಲ್‌ಗಳು) ಯುಎಸ್‌ಬಿ-ರೋಲ್ ಕ್ಲಾಸ್ ಡೈರೆಕ್ಟರಿ ತೆರೆದು ನೋಡಿದೆ, ಖಾಲಿ. ಕೊನೆಗೆ ಡಿಡಬ್ಲ್ಯೂಸಿ3 ಡ್ರೈವರ್ ಓದಿದಾಗ ಕಾರಣ ಸಿಕ್ಕಿತು. ಕಂಟ್ರೋಲರ್ ನೋಡ್‌ನಲ್ಲಿ ಯುಎಸ್‌ಬಿ-ರೋಲ್-ಸ್ವಿಚ್ ಅನ್ನುವ ಪ್ರಾಪರ್ಟಿಯನ್ನೇ ನಾನು ಬರೆದಿರಲಿಲ್ಲ. ಅದಕ್ಕೆ ಬೆಲೆ ಏನೂ ಕೊಡಬೇಕಿಲ್ಲ, ಸುಮ್ನೆ ಹೆಸರು ಇದ್ದರೆ ಸಾಕು. ಅದು ಇಲ್ಲದಿದ್ದರೆ, ಎಕ್ಸ್‌ಟ್‌ಕಾನ್ ಕೂಡ ಇಲ್ಲದಿದ್ದರೆ, 3.30ಎ ಮತ್ತು ಆಮೇಲಿನ ಡಿಡಬ್ಲ್ಯೂಸಿ3 ಕೋರ್‌ಗಳಲ್ಲಿ ಡ್ರೈವರ್ ಓಟಿಜಿಯನ್ನು ಪೆರಿಫೆರಲ್ ಆಗಿ ಮಾಡಿಕೊಳ್ಳುತ್ತದೆ. ಕಂಪ್ಯೂಟರ್ ಕಡೆಯ ಕೆಲಸ ನಡೆದದ್ದು ಅದಕ್ಕೇ. ಇನ್ನೂ ಒಂದಿದೆ. ಒಳಗಿನ ಕನೆಕ್ಟರ್ ನೋಡ್‌ಗೆ ಜೀವ ಬರೋದು ಈ ಡ್ರೈವರ್ ರೋಲ್ ಸ್ವಿಚ್ ಕಟ್ಟುವ ಹೊತ್ತಿನಲ್ಲೇ. ಸ್ವಿಚ್ ಇಲ್ಲ ಅಂದರೆ ಕನೆಕ್ಟರ್ ಡ್ರೈವರ್ ಶುರುವೇ ಆಗುವುದಿಲ್ಲ. ಶುರುವಾಗದ ಡ್ರೈವರ್ ಎರರ್ ಎಲ್ಲಿಂದ ಕೊಡಬೇಕು?

ಮುಂದಿನ ವಾರ

ಪ್ರಾಪರ್ಟಿ ಸೇರಿಸಿದೆ, ಆ ಡೈರೆಕ್ಟರಿಯಲ್ಲಿ ಈಗಿನ ಪಾತ್ರ ತೋರಿಸುವ ರೋಲ್ ಫೈಲ್ ಕಾಣಿಸಿಕೊಂಡಿತು. ಆದರೆ ಕೇಬಲ್ ಮೇಲೆ ಬೆರಳಿಟ್ಟರೂ ಪಾತ್ರ ಹೋಸ್ಟ್, ಡಿವೈಸ್, ಹೋಸ್ಟ್ ಅಂತ ಕುಣಿಯುತ್ತಿತ್ತು. ಐಡಿ ತೇಲುವ ಪಿನ್, ಅದಕ್ಕೆ ಪುಲ್-ಅಪ್ (ಪಿನ್ ಅನ್ನು ಮೇಲಿನ ವೋಲ್ಟೇಜ್‌ಗೆ ಎಳೆದು ಹಿಡಿಯುವ ರೆಸಿಸ್ಟರ್) ಬೇಕು. ಬೋರ್ಡ್ ಮೇಲೆ ಐಡಿಗೆ ಅಂಥ ರೆಸಿಸ್ಟರ್ ಇಲ್ಲ. ಹಾಗಾಗಿ ಪಿನ್‌ಗಳನ್ನು ಹೊಂದಿಸುವ ಪಿನ್‌ಕಂಟ್ರೋಲ್ ನೋಡ್‌ನಲ್ಲಿ ಬಯಸ್-ಪುಲ್-ಅಪ್ ಸೇರಿಸಿ ಚಿಪ್ ಒಳಗಿನ ಪುಲ್-ಅಪ್ ಬಳಸಿದೆ. ಡ್ರೈವರ್ 20 ಮಿಲಿಸೆಕೆಂಡ್ ಕಾದು ನೋಡುತ್ತದೆ, ನಿಜ. ಆದರೆ ಪುಲ್-ಅಪ್ ಇಲ್ಲದ ಪಿನ್‌ಗೆ ಎಷ್ಟು ಕಾದರೂ ಪ್ರಯೋಜನ ಇಲ್ಲ.

ಕುಣಿತ ನಿಂತಿತು. ಈಗ ಪಾತ್ರ ಸ್ಥಿರವಾಗಿ ಹೋಸ್ಟ್, ಸಾಕೆಟ್ ಖಾಲಿ ಇದ್ದಾಗಲೂ! ಕಂಪ್ಯೂಟರ್‌ಗೆ ಸಿಕ್ಕಿಸುವ ಮುಂಚೆ ಮಲ್ಟಿಮೀಟರ್ ಹಿಡಿದೆ. ಖಾಲಿ ಸಾಕೆಟ್‌ನ ವಿಬಸ್‌ನಲ್ಲಿ 5 ವೋಲ್ಟ್. ಆ ಕಡೆ ಕಂಪ್ಯೂಟರ್ ಕೂಡ 5 ವೋಲ್ಟ್ ಕೊಡುತ್ತದೆ. ಎರಡು ಸಪ್ಲೈ ಎದುರುಬದುರಾಗಿ ಬಿಡುತ್ತಿದ್ದವು. ಎದೆ ಧಸಕ್ ಅಂದಿತು.

ತಪ್ಪು ಒಂದೇ ಪದದಲ್ಲಿತ್ತು. ಗ್ರೌಂಡ್ ಆದಾಗ ತಾನೇ ಐಡಿ ಕೆಲಸ ಮಾಡೋದು ಅಂದುಕೊಂಡು ಐಡಿ ಜಿಪಿಐಒಗೆ ಆಕ್ಟಿವ್-ಲೋ (ಕೆಳಗಿನ ವೋಲ್ಟೇಜ್ ಅಂದರೆ 1) ಅಂತ ಬರೆದಿದ್ದೆ. ಡ್ರೈವರ್ ಹೇಳೋದು ಬೇರೆ: ಐಡಿ ಸೊನ್ನೆ ಆದರೆ ಹೋಸ್ಟ್. ಆಕ್ಟಿವ್-ಲೋ ಹಾಕಿದರೆ ಜಿಪಿಐಒ ಪದರವೇ ಬೆಲೆಯನ್ನು ತಿರುಗಿಸಿ ಕೊಡುತ್ತದೆ, ಪುಲ್-ಅಪ್ ಕೊಟ್ಟ 1 ಅನ್ನುವ ಬೆಲೆ ಸೊನ್ನೆ ಆಗಿಬಿಡುತ್ತದೆ. ಇಲ್ಲಿ ಬೇಕಾದದ್ದು ಆಕ್ಟಿವ್-ಹೈ. ಈ ನೋಡ್ ಬರೆಯುವವರು ಮೊದಲ ಬೂಟ್ ಆದ ಮೇಲೆ ಖಾಲಿ ಸಾಕೆಟ್‌ನ ವಿಬಸ್ ಅನ್ನು ಖಂಡಿತ ಅಳೆಯಿರಿ. ಆಮೇಲೆ ಕೇಬಲ್ ಹಾಕಿ.

ಡಿವೈಸ್ ಟ್ರೀ ನಿಯಮದ ಹಾಗೆ ಇದೆಯಾ ಅಂತ ನೋಡುವ ಡಿಟಿಬಿಎಸ್-ಚೆಕ್ ಕೂಡ ಓಡಿಸಿದೆ. ಐಡಿ-ಜಿಪಿಐಒ ಅಂತ ಏಕವಚನದಲ್ಲಿ ಬರೆದದ್ದನ್ನು ಹಿಡಿಯಿತು. ಕರ್ನಲ್ ಎರಡನ್ನೂ ಓದುತ್ತದೆ, ಆದರೆ ಬೈಂಡಿಂಗ್ (ನೋಡ್ ಬರೆಯುವ ನಿಯಮ) ಒಪ್ಪೋದು ಬಹುವಚನವನ್ನು ಮಾತ್ರ. ತಿದ್ದಿದೆ.

ಈ ಶನಿವಾರ

ಎರಡೂ ಕಡೆ ಕೆಲಸ ಮಾಡುತ್ತಿದೆ! ಕೀಬೋರ್ಡ್ ಸಿಕ್ಕಿಸಿದೆ, ದೀಪ ಹತ್ತಿತು. ತೆಗೆದು ಕಂಪ್ಯೂಟರ್‌ಗೆ ಹಾಕಿದೆ, ನೆಟ್‌ವರ್ಕ್ ಬಂತು. ರೀಬೂಟ್ ಇಲ್ಲ. ಸುಮಾರು ಇಪ್ಪತ್ತು ಸಲ ಹಾಕಿ ತೆಗೆದು ಖುಷಿಪಟ್ಟೆ.

ಎರಡು ಸಂಗತಿ ಗಮನಿಸಿದೆ. ಓಟಿಜಿ ಕೇಬಲ್ ತೆಗೆದ ಕ್ಷಣ ಕನೆಕ್ಟರ್ ಡ್ರೈವರ್ ಮೊದಲು ಡಿವೈಸ್ ಅನ್ನುತ್ತದೆ, ಆಮೇಲೆ ‘ನನ್’ (none, ಯಾವ ಪಾತ್ರವೂ ಇಲ್ಲ). ಯಾಕೆಂದರೆ ಐಡಿ ಮೇಲೆದ್ದಾಗ ನಾವೇ ಕೊಟ್ಟ ವಿಬಸ್ ಇನ್ನೂ ಆರಿರುವುದಿಲ್ಲ. ರೆಗ್ಯುಲೇಟರ್ ಆಫ್ ಆಗಿ ವಿಬಸ್ ಇಳಿದ ಮೇಲೆ ಎರಡನೇ ಇಂಟರಪ್ಟ್ ಬರುತ್ತದೆ. ಇದರಿಂದ ತೊಂದರೆ ಏನೂ ಇಲ್ಲ. ಎರಡನೆಯದು, ಕೇಬಲ್ ಇಲ್ಲದಾಗಲೂ ರೋಲ್ ಫೈಲ್‌ನಲ್ಲಿ ಡಿವೈಸ್ ಅಂತಲೇ ಕಾಣುತ್ತದೆ. ಡಿಡಬ್ಲ್ಯೂಸಿ3 ‘ನನ್’ ಅನ್ನು ತನ್ನ ಡೀಫಾಲ್ಟ್ ಪಾತ್ರಕ್ಕೆ ಇಳಿಸುತ್ತದೆ, ಆ ಡೀಫಾಲ್ಟ್ ಪೆರಿಫೆರಲ್. ಬದಲಿಸಬೇಕಾದರೆ ರೋಲ್-ಸ್ವಿಚ್-ಡೀಫಾಲ್ಟ್-ಮೋಡ್ ಇದೆ.

ಮುಂದಿನ ಬೋರ್ಡ್‌ಗೆ ಟೈಪ್-ಸಿ ಸಾಕೆಟ್ ಹಾಕುತ್ತಿದ್ದೇನೆ, ಜೊತೆಗೆ ಅದನ್ನು ನೋಡಿಕೊಳ್ಳುವ ಎಫ್‌ಯುಎಸ್‌ಬಿ302 ಚಿಪ್. ಅಲ್ಲಿ ಐಡಿ ಪಿನ್ ಇಲ್ಲ, ಪಾತ್ರ ತೀರ್ಮಾನಿಸುವ ಸಿಸಿ ತಂತಿಗಳು ಇವೆ, ಅವು ಹೋಗೋದು ಈ ಚಿಪ್‌ಗೆ. ಹಾಗಾಗಿ ಕನೆಕ್ಟರ್ ನೋಡ್ ಈ ಸಲ ಐ2ಸಿ ಬಸ್‌ನಲ್ಲಿರುವ ಚಿಪ್‌ನ ಒಳಗೆ ಕೂರುತ್ತದೆ. ಡೇಟಾ ತಂತಿ ಮಾತ್ರ ಕಂಟ್ರೋಲರ್‌ಗೆ ಹೋಗುವುದರಿಂದ ಸೊನ್ನೆ ನಂಬರ್ ಪೋರ್ಟ್‌ನಿಂದ ಎಂಡ್‌ಪಾಯಿಂಟ್ (ಎರಡು ನೋಡ್‌ಗಳ ನಡುವಿನ ಕೊಂಡಿ) ಬರೆದು ಎರಡೂ ಕಡೆಯಿಂದ ಜೋಡಿಸಬೇಕು. ಸೂಪರ್‌ಸ್ಪೀಡ್ (ಯುಎಸ್‌ಬಿ 3ರ ವೇಗದ ತಂತಿಗಳು) ಇದ್ದರೆ ಅದಕ್ಕೆ ಒಂದನೇ ಪೋರ್ಟ್. ಪವರ್-ರೋಲ್, ಡೇಟಾ-ರೋಲ್ ಇಲ್ಲಿ ಬೇರೆ ಬೇರೆ. ಹೋಸ್ಟ್ ಆಗಿದ್ದುಕೊಂಡೇ ಆಚೆಯಿಂದ ಕರೆಂಟ್ ಪಡೆಯಬಹುದು. ನನಗೆ ಜಾಸ್ತಿ ಇಷ್ಟವಾದದ್ದು ಇದೇ. ನೋಡ್ ಅರ್ಧ ಬರೆದಾಗಿದೆ. ನಾವು ಆಚೆಗೆ ಎಷ್ಟು ಕೊಡಬಲ್ಲೆವು ಅಂತ ಹೇಳುವ ಸೋರ್ಸ್-ಪಿಡಿಒ ಸಾಲಿನಲ್ಲಿ 5000 ಮಿಲಿವೋಲ್ಟ್, 500 ಮಿಲಿಆಂಪ್ ಅಂತ ಹಾಕಿದ್ದೇನೆ, ನನ್ನ ರೆಗ್ಯುಲೇಟರ್‌ನ ಮಿತಿ ಅಷ್ಟೇ. ಸಿಂಕ್, ಅಂದರೆ ಕರೆಂಟ್ ಪಡೆಯುವ, ಕಡೆಯ ಸಾಲು ಬಾಕಿ ಇದೆ. ಅದಕ್ಕೆ ಬೋರ್ಡ್ ಪೂರ್ತಿ ಕೆಲಸದಲ್ಲಿರುವಾಗ ಎಷ್ಟು ಕರೆಂಟ್ ಎಳೆಯುತ್ತದೆ ಅಂತ ಮೊದಲು ಅಳೆಯಬೇಕು.